ಕಮಲಕ್ಕನ ಅಡುಗೆಮನೆ ಎರಡಡಿ ಸರಿದ ಕತೆ

ಕಳೆದ ಶುಕ್ರವಾರ ಸಂಜೆ ಪಕ್ಕದ ಮನೆ ಕಮಲಕ್ಕನ ಅಡುಗೆಮನೆ ಎರಡಡಿ ನಮ್ಮ ಸೈಟಿನೊಳಕ್ಕೆ ಸರಿದುಬಂತು.

ಭೂಕಂಪವೇನೂ ಆಗಿರಲಿಲ್ಲ. ಒಲೆಯ ಮೇಲಿನ ಬಾಣಲೆಯಿಂದ ಒಂದು ತೊಟ್ಟು ಎಣ್ಣೆಯೂ ತುಳುಕಿರಲಿಲ್ಲ. ಸರಿದದ್ದು ಲ್ಯಾಪ್‌ಟಾಪಿನ ನಕ್ಷೆಯಲ್ಲಿ. ಆದರೆ ಈಗಿನ ಕಾಲದಲ್ಲಿ ನಕ್ಷೆಯಲ್ಲಿ ಸರಿದರೆ ಮುಗಿಯಿತು, ನೆಲವೂ ಅದರ ಮಾತು ಕೇಳಬೇಕು.

ಹಿನ್ನೆಲೆ ಹೇಳಿಬಿಡುತ್ತೇನೆ. ಚಾಮರಾಜಪೇಟೆಯ ನಮ್ಮ ಮನೆ ಮಾವನವರ ಕಾಲದ್ದು. ತಾರಸಿ ಸೋರುತ್ತದೆ, ಬಚ್ಚಲಿನ ಗೋಡೆ ಮುಟ್ಟಿದರೆ ಉದುರುತ್ತದೆ. ಕೆಡವಿ ಹೊಸದು ಕಟ್ಟೋಣ ಎಂದು ನಮ್ಮ ಯಜಮಾನರು ತೀರ್ಮಾನಿಸಿದರು. (ಬ್ಯಾಂಕಿನಿಂದ ರಿಟೈರ್ ಆದಾಗಿನಿಂದ ಅವರಿಗೆ ಕೆಡವಲು ಏನಾದರೊಂದು ಬೇಕಾಗಿತ್ತು.) ಪ್ಲ್ಯಾನ್ ಬರೆಯುವ ಮುಂಚೆ ಸೈಟ್ ಸರ್ವೆ ಆಗಬೇಕು ಎಂದರು ಎಂಜಿನಿಯರ್. ಹಾಗೆ ಬಂದವನು ಹನುಮಂತನಗರದ ಪ್ರದೀಪ.

ಗುರುವಾರ ಬೆಳಿಗ್ಗೆ ಸ್ಕೂಟರಿನಲ್ಲಿ ಬಂದ. ಜೊತೆಗೆ ಹಳದಿ ಬಣ್ಣದ ಮೂರು ಕಾಲಿನ ಸ್ಟ್ಯಾಂಡು, ಅದರ ಮೇಲೆ ಕೂರಿಸಲು ಹಾಟ್‌ಬಾಕ್ಸಿನಂಥ ಒಂದು ಬಿಳಿ ಡಬ್ಬ, ಕೈಯಲ್ಲಿ ಹಿಡಿದು ಓಡಾಡಲು ಒಂದು ಉದ್ದದ ಕೋಲು. ಹೊಂಗೆ ಮರದ ನೆರಳು ತಪ್ಪಿಸಿ, ಆಕಾಶ ಚೆನ್ನಾಗಿ ಕಾಣುವ ಜಾಗ ಹುಡುಕಿ, ಕೊನೆಗೆ ನಮ್ಮ ಗೇಟಿನ ಮುಂದಿನ ಚಪ್ಪಡಿಗಳ ಸಂದಿಯಲ್ಲಿ ಒಂದು ಮೊಳೆ ಹೊಡೆದ. ಸ್ಟ್ಯಾಂಡನ್ನು ಸರಿಯಾಗಿ ಅದರ ಮೇಲೆ ನಿಲ್ಲಿಸಿದ.

"ಟೇಪ್ ಎಲ್ಲಪ್ಪಾ?" ಎಂದೆ.

"ಟೇಪ್ ಯಾಕೆ ಆಂಟಿ? ಇದು ಬೇಸ್ ಸ್ಟೇಷನ್ನು. ಸ್ಯಾಟಲೈಟ್ ನೋಡ್ಕೊಂಡು ತಾನೆಲ್ಲಿದೀನಿ ಅಂತ ತಿಳ್ಕೊಂಡು ಇಲ್ಲೇ ನಿಂತಿರುತ್ತೆ. ನಾನು ಕೋಲು ಹಿಡ್ಕೊಂಡು ಮನೆ ಸುತ್ತ ಓಡಾಡ್ತೀನಿ. ಇದಕ್ಕೂ ಅದಕ್ಕೂ ಎಷ್ಟು ದೂರ ಅಂತ ಅವೆರಡೇ ಮಾತಾಡ್ಕೊಳ್ತವೆ."

"ಸೆಟಪ್ ಮಾಡೋದು ಕಷ್ಟಾನಾ?" ಇದು ನಮ್ಮವರ ಪ್ರಶ್ನೆ.

"ಮುಂಚೆ ಕಷ್ಟ ಇತ್ತು ಸರ್. ಈಗೆಲ್ಲಾ ಆಟೋ. ಒಂದು ಬಟನ್ ಒತ್ತಿದ್ರೆ ಆಯ್ತು. ನಾಳೆ ಇಲ್ಲೇ ತಂದಿಟ್ರೆ, ಓ, ಇದು ನಿನ್ನೆ ಜಾಗ ಅಂತ ಅದೇ ಗುರುತು ಹಿಡಿಯುತ್ತೆ."

ನಮ್ಮವರಿಗೆ ರೋಮಾಂಚನ. ಅವತ್ತಿಡೀ ಫೋನ್ ಮಾಡಿದವರಿಗೆಲ್ಲ ಸ್ಯಾಟಲೈಟಿನ ವಿಷಯವೇ. ಪ್ರದೀಪ ರಸ್ತೆಯ ಕಡೆಯದನ್ನೆಲ್ಲ ಅಳೆದು, ಕ್ರಯಪತ್ರದ ಪ್ರಕಾರ ನಮ್ಮ ಸೈಟಿನ ಗೆರೆ ನಕ್ಷೆಯಲ್ಲಿ ಹಾಕಿ ಮುಗಿಸಿ, ಅಕ್ಕಪಕ್ಕದ ಗೋಡೆಗಳನ್ನು ಮರುದಿನಕ್ಕೆ ಇಟ್ಟುಕೊಂಡು ಹೋದ.

ಮರುದಿನ ಶುಕ್ರವಾರ. ಇಲ್ಲಿ ಕಮಲಕ್ಕನ ಬಗ್ಗೆ ಒಂದು ಮಾತು ಹೇಳಬೇಕು. ನನ್ನ ಮಂಡಿ ಕೈಕೊಟ್ಟ ಮೇಲೆ (ಮಂಡಿ ಕೈಕೊಡುವುದು ಹೇಗೆಂದು ಕೇಳಬೇಡಿ) ಮಂಗಳವಾರ, ಶುಕ್ರವಾರ ನಮ್ಮ ಗೇಟಿನ ಮುಂದೆಯೂ ಅವರೇ ದೊಡ್ಡ ರಂಗೋಲಿ ಹಾಕುತ್ತಾರೆ. ನಾನು ಹಾಕಿ ಎಂದಿಲ್ಲ, ಅವರು ಹಾಕಲಾ ಎಂದಿಲ್ಲ. ಬೆಳಿಗ್ಗೆ ಬಾಗಿಲು ತೆಗೆಯುವಷ್ಟರಲ್ಲಿ ನೀರು ಬಿದ್ದು, ರಂಗೋಲಿ ಅರಳಿ ಕೂತಿರುತ್ತದೆ.

ಪ್ರದೀಪ ಬಂದವನು ಗೇಟಿನ ಮುಂದೆ ತಲೆ ಕೆರೆದುಕೊಳ್ಳುತ್ತ ನಿಂತ.

"ಆಂಟಿ, ಮೊಳೆ ಈ ಕಮಲದ ಹೂವಿನ ಕೆಳಗೆ ಎಲ್ಲೋ ಇದೆ."

"ಪರವಾಗಿಲ್ಲ, ಇಟ್ಕೊಳಪ್ಪಾ."

"ಅಯ್ಯೋ! ಶುಕ್ರವಾರ ರಂಗೋಲಿ ಮೇಲೆ ಕಬ್ಬಿಣದ ಕಾಲು ಇಟ್ಟೆ ಅಂತ ಗೊತ್ತಾದ್ರೆ ನಮ್ಮಮ್ಮ ಮನೆ ಒಳಗೇ ಸೇರಿಸಲ್ಲ. ಸ್ವಲ್ಪ ಪಕ್ಕಕ್ಕೆ ಇಡ್ತೀನಿ ಬಿಡಿ. ಆಟೋ ಅಲ್ವಾ, ಹೊಸ ಜಾಗ ಅಂತ ಅದೇ ತಿಳ್ಕೊಳುತ್ತೆ."

ಸ್ಟ್ಯಾಂಡನ್ನು ಎರಡಡಿ ಕಮಲಕ್ಕನ ಗೇಟಿನ ಕಡೆಗೆ ಸರಿಸಿ ನಿಲ್ಲಿಸಿದ. ಎಷ್ಟು ಸಂಸ್ಕಾರವಂತ ಹುಡುಗ ಎಂದು ನಾನು ಅವನಿಗೆ ಇನ್ನೊಂದು ಲೋಟ ಕಾಫಿ ಕೊಟ್ಟೆ.

ಸಂಜೆ ನಕ್ಷೆ ಬಂತು. ಕಮಲಕ್ಕನ ಅಡುಗೆಮನೆಯ ಗೋಡೆ, ಅಂದರೆ ನಮ್ಮಿಬ್ಬರ ನಡುವಿನ ಗೋಡೆ, ಉದ್ದಕ್ಕೂ ಎರಡಡಿ ನಮ್ಮ ಸೈಟಿನೊಳಗೆ ಕೂತಿತ್ತು. ನಮ್ಮವರು ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದರು. ನಾನು ನಕ್ಷೆಯ ಇನ್ನೊಂದು ಬದಿ ನೋಡಿದೆ. ಅಲ್ಲಿ ನಮ್ಮದೇ ಗೋಡೆ ಎರಡಡಿ ಆಚೆಗೆ ಹೋಗಿ, ಪಕ್ಕದ ಕಾರ್ಪೊರೇಷನ್ನಿನ ಕನ್ಸರ್ವೆನ್ಸಿ ಓಣಿಯಲ್ಲಿ ನಿಂತಿತ್ತು!

"ಇದೇನ್ರೀ, ನಾವೂ ಓಣಿ ಒತ್ತುವರಿ ಮಾಡಿದೀವಲ್ಲ?"

"ಅದು ಡ್ರಾಯಿಂಗ್ ಮಿಸ್ಟೇಕ್ ಇರುತ್ತೆ ಬಿಡೆ."

ನೋಡಿದಿರಾ? ಪಕ್ಕದವರ ಒತ್ತುವರಿಯಾದರೆ ಸ್ಯಾಟಲೈಟ್ ಹೇಳಿದ ಸತ್ಯ. ನಮ್ಮದಾದರೆ ಡ್ರಾಯಿಂಗ್ ಮಿಸ್ಟೇಕು. ಇದನ್ನು ಜೋರಾಗಿ ಹೇಳಬೇಕಿತ್ತು, ಹೇಳಲಿಲ್ಲ. ಎರಡಡಿ ಸಿಕ್ಕರೆ ದೇವರಮನೆ ಸ್ವಲ್ಪ ದೊಡ್ಡದಾಗುತ್ತದಲ್ಲ ಎಂದು ನಾನೂ ಲೆಕ್ಕ ಹಾಕುತ್ತಿದ್ದೆ. ದೇವರ ಹೆಸರಿನಲ್ಲಿ ಆಸೆಪಟ್ಟರೆ ಆಸೆ ಎನಿಸುವುದಿಲ್ಲ, ಗೊತ್ತಲ್ಲ?

ಶನಿವಾರ ನಮ್ಮವರು ನಕ್ಷೆಯ ಪ್ರಿಂಟ್ ಹಿಡಿದು ಕಮಲಕ್ಕನ ಮನೆಗೆ ಹೊರಟರು. ನಾನೂ ಹಿಂದೆ ಹೋದೆ. ಆ ಅಡುಗೆಮನೆ ಎಂದರೆ ಸುಮ್ಮನೆ ಅಡುಗೆಮನೆಯಲ್ಲ. ಗಂಡ ಹೋದ ಮೇಲೆ ಕಮಲಕ್ಕ ಚಕ್ಕುಲಿ, ಕೋಡುಬಳೆ ಮಾಡಿ ಸಂಸಾರ ನಡೆಸಿದ್ದು, ಮಗಳನ್ನು ಓದಿಸಿದ್ದು ಅಲ್ಲೇ. ಒಲೆಗಳ ಸಾಲು ಇರುವುದು ಅದೇ ಗೋಡೆಗೆ. ಎರಡಡಿ ಹೋದರೆ ಬಾಣಲೆಯ ಮುಂದೆ ನಿಲ್ಲುವುದಕ್ಕೂ ಜಾಗವಿರುವುದಿಲ್ಲ.

ಕಮಲಕ್ಕ ಕೈ ಒರೆಸಿಕೊಂಡು ನಕ್ಷೆ ನೋಡಿದರು. ಆಮೇಲೆ ಗೋಡೆ ನೋಡಿದರು.

"ಮಿಷನ್ನೇ ಹೇಳ್ದಮೇಲೆ ಇನ್ನೇನಿದೆ? ಅಷ್ಟಮಿ ಆರ್ಡರ್ ಮುಗೀಲಿ, ಒಡೆಸ್ಕೊಡ್ತೀನಿ."

ಅಷ್ಟೇ. ಕಾಫಿ ಕೂಡ ಕೊಟ್ಟರು. "ಎಷ್ಟು ಒಳ್ಳೇವ್ರು ನೋಡು, ಒಂದು ಮಾತಾಡ್ಲಿಲ್ಲ" ಎಂದು ನಮ್ಮವರು ನಿರಾಳವಾದರು. ನನಗೆ ಮಾತ್ರ ಹಾಗೆ ಅನಿಸಲಿಲ್ಲ. ಅವರು ಜಗಳ ಆಡಿದ್ದರೆ ಎಷ್ಟೋ ಚೆನ್ನಾಗಿತ್ತು.

ಮಂಗಳವಾರ ಬೆಳಿಗ್ಗೆ ಬಾಗಿಲು ತೆಗೆದರೆ ನಮ್ಮ ಗೇಟಿನ ಮುಂದೆ ಬರೀ ಧೂಳು. ಅವರ ಗೇಟಿನ ಮುಂದೆ ಮಾತ್ರ ಅಚ್ಚುಕಟ್ಟಾದ ರಂಗೋಲಿ. ನಾನು ಅಲ್ಲೇ ನಿಂತುಬಿಟ್ಟೆ. ಸತ್ಯವಾಗಿ ಹೇಳುತ್ತೇನೆ, ಅಳು ಬಂತು.

ಅಷ್ಟರಲ್ಲಿ ಪ್ರದೀಪ ಬಂದ. ಒಡೆಯಬೇಕಾದ ಜಾಗಕ್ಕೆ ಕೆಂಪು ಬಣ್ಣದ ಗೆರೆ ಎಳೆಯುವುದು ಅವತ್ತಿನ ಕೆಲಸ. ರಂಗೋಲಿ ಇಲ್ಲದ್ದರಿಂದ ಮೊಳೆ ಎದ್ದು ಕಾಣುತ್ತಿತ್ತು. ಸ್ಟ್ಯಾಂಡನ್ನು ಅದರ ಮೇಲೇ ನಿಲ್ಲಿಸಿ, ಬಟನ್ ಒತ್ತಿ, ಕೋಲು ಹಿಡಿದು ಕಮಲಕ್ಕನ ಅಡುಗೆಮನೆಗೆ ಹೋದ. ಕಮಲಕ್ಕ ಜಾಲರಿ ಸೌಟು ಹಿಡಿದು ಒಲೆ ಪಕ್ಕ ಸರಿದು ನಿಂತರು. ಅವನು ಸ್ಕ್ರೀನ್ ನೋಡಿದ. ಗೋಡೆ ನೋಡಿದ. ಇನ್ನೊಂದು ಮೂಲೆಗೆ ಹೋಗಿ ಅಲ್ಲೂ ನೋಡಿದ.

"ಸರ್, ಗೋಡೆ ಕರೆಕ್ಟಾಗಿ ಬೌಂಡರಿ ಮೇಲೇ ಇದೆ."

"ಏನಯ್ಯಾ! ಶುಕ್ರವಾರ ಎರಡಡಿ ಒಳಗಿತ್ತಲ್ಲ?"

ಪ್ರದೀಪ ಗೇಟಿಗೆ ಓಡಿದ. ಮೊಳೆ ನೋಡಿ ತಲೆಯ ಮೇಲೆ ಕೈ ಹೊತ್ತ.

"ಶುಕ್ರವಾರ ಸ್ಟ್ಯಾಂಡ್ ಪಕ್ಕಕ್ಕೆ ಇಟ್ಟಿದ್ನಲ್ಲ ಸರ್. ಹೊಸ ಜಾಗ ಅಂತ ತಿಳ್ಕೊಳುತ್ತೆ ಅಂದ್ಕೊಂಡಿದ್ದೆ. ಎರಡೇ ಅಡಿ ಅಲ್ವಾ, ಅದು ನಿನ್ನೆ ಜಾಗಾನೇ ಅಂತ ಹಳೇ ಲೆಕ್ಕಾನೇ ಎತ್ಕೊಂಡ್ಬಿಟ್ಟಿದೆ. ಸ್ಕ್ರೀನಲ್ಲಿ ತೋರ್ಸಿರುತ್ತೆ, ನಾನೇ ಓದ್ದೆ ಓಕೆ ಒತ್ಬಿಟ್ಟಿದೀನಿ. ಅದು ಆ ಕಡೆ ಹೋದಷ್ಟೂ ಅವತ್ತು ಅಳೆದಿದ್ದೆಲ್ಲಾ ಈ ಕಡೆ ಬಂದಿದೆ."

ಅಡುಗೆಮನೆ ತನ್ನ ಜಾಗಕ್ಕೆ ಹೋಯಿತು. ಓಣಿಗೆ ಹೋಗಿದ್ದ ನಮ್ಮ ಗೋಡೆಯೂ ಮನೆಗೆ ಬಂತು.

ಆಮೇಲೆ ಕೂತು ಯೋಚಿಸಿದೆ. ಕಮಲಕ್ಕ ದೊಡ್ಡ ಮನಸ್ಸು ಮಾಡಿ ಮಂಗಳವಾರವೂ ಎಂದಿನಂತೆ ರಂಗೋಲಿ ಹಾಕಿದ್ದರೆ? ಪ್ರದೀಪ ಮತ್ತೆ ಸ್ಟ್ಯಾಂಡ್ ಪಕ್ಕಕ್ಕಿಡುತ್ತಿದ್ದ. ಡಬ್ಬ ಮತ್ತೆ ಹಳೇ ಜಾಗ ಎನ್ನುತ್ತಿತ್ತು. ಕೆಂಪು ಗೆರೆ ಬಿದ್ದೇ ಬೀಳುತ್ತಿತ್ತು. ಅಂದರೆ ಅವರ ಮುನಿಸೇ ಅವರ ಅಡುಗೆಮನೆಯನ್ನು ಉಳಿಸಿತು. (ದಿನಾ ಬೆಳಿಗ್ಗೆ ವಾಟ್ಸ್ಆ್ಯಪ್‌ನಲ್ಲಿ ಕ್ಷಮಾಗುಣದ ಬಗ್ಗೆ ಸುವಿಚಾರ ಕಳಿಸುವವರು ಇದಕ್ಕೇನು ಹೇಳುತ್ತಾರೋ!)

ಆ ಡಬ್ಬದ ಮೇಲೆ ನನಗೆ ಸಿಟ್ಟಿಲ್ಲ. ಹತ್ತಿರದಲ್ಲಿರುವುದೆಲ್ಲ ತನಗೆ ಗೊತ್ತಿರುವುದೇ ಎಂದುಕೊಂಡಿತು, ಪಾಪ. ನಾವು ಮಾಡುವುದೂ ಅದನ್ನೇ ಅಲ್ಲವೇ? ಗಂಡ, ಹೆಂಡತಿ, ಅಕ್ಕಪಕ್ಕದವರು, ಎಲ್ಲರನ್ನೂ ಒಮ್ಮೆ ಅಳೆದು ಇಟ್ಟುಬಿಟ್ಟಿರುತ್ತೇವೆ. ಅವರು ಎರಡಡಿ ಸರಿದರೂ ನಮಗೆ ಹಳೇ ಲೆಕ್ಕವೇ.

ಸಂಜೆ ಬಾಳೆಹಣ್ಣು, ಮಲ್ಲಿಗೆ ಹೂವು ಹಿಡಿದು ಇಬ್ಬರೂ ಕಮಲಕ್ಕನ ಮನೆಗೆ ಹೋದೆವು. ನಮ್ಮವರು ಅಡುಗೆಕಟ್ಟೆಯ ಮೇಲೆ ಎರಡು ಲೋಟ ಇಟ್ಟು, ಇದು ಮೊಳೆ, ಇದು ಸ್ಟ್ಯಾಂಡು ಎಂದು ಸರಿಸಿ ಸರಿಸಿ ಪಾಠ ಮಾಡಿದರು. ತಪ್ಪೆಲ್ಲ ಆ ಆಟೋದ್ದು ಎಂದು ಮೂರು ಸಲ ಹೇಳಿದರು. ಕಮಲಕ್ಕ ಚಕ್ಕುಲಿ ತಿರುವಿ ಹಾಕುತ್ತ ಪೂರ್ತಿ ಕೇಳಿಸಿಕೊಂಡರು.

"ಈ ಗೋಡೆ ನಿಮ್ಮಪ್ಪ, ನಮ್ಮ ಮಾವ ಇಬ್ಬರೂ ಹಗ್ಗದ ಒಂದೊಂದು ತುದಿ ಹಿಡ್ಕೊಂಡು ನಿಂತು ಕಟ್ಟಿಸಿದ್ದು ರಾಯರೇ" ಎಂದರು. ಎಣ್ಣೆ ಬಸಿದು, ಒಲೆ ಸಣ್ಣ ಮಾಡಿ, ನಮ್ಮ ಕಡೆ ತಿರುಗಿದರು.

"ಮಿಷನ್ನು ಯಾರನ್ನೂ ಕೇಳ್ದೆ ತೀರ್ಮಾನ ಮಾಡ್ತು, ಸರಿ. ನೀವ್ಯಾಕೆ ನನ್ನ ಒಂದು ಮಾತು ಕೇಳ್ಲಿಲ್ಲ?"