ಹುಲ್ಲೆಗೆ ಕಾಲು ಮೂಡಿದ ಸಂಜೆಗಳು

ನಮ್ಮ ದಾಕ್ಷಾಯಿಣಿ ಹಾಕಿದ ಬೀಗವನ್ನು ಬದುಕಿದವರು ಹಾಗಿರಲಿ, ಸತ್ತವರೂ ದಾಟಲಾರರು. ಈ ಮಾತನ್ನು ಚಳ್ಳಕೆರೆಯ ಹೋಟೆಲುಗಳಲ್ಲಿ, ಎಣ್ಣೆ ಮಿಲ್ಲುಗಳ ಕಟ್ಟೆಯ ಮೇಲೆ, ಮದುವೆ ಮನೆಗಳ ಊಟದ ಸಾಲಿನಲ್ಲಿ ನಾನೇ ಸಾರಿದ್ದೇನೆ. ಬೀಗ ಕಬ್ಬಿಣದ್ದಲ್ಲ, ಕಂಪ್ಯೂಟರಿನದು. ಅದರೊಳಗೆ ಇರುವೆಯೊಂದು ನುಸುಳಬೇಕಾದರೂ ತನ್ನ ಹೆಸರು ಹೇಳಿ, ಪಾಸ್‌ವರ್ಡ್ ಒಪ್ಪಿಸಿ, ಆರು ಕಾಲನ್ನೂ ಒರೆಸಿಕೊಂಡು ಬರಬೇಕಿತ್ತು.

ದಾಕ್ಷಾಯಿಣಿ ಹಿರಿಯೂರಿನ ಮಗಳು, ಚಳ್ಳಕೆರೆಯ ಸೊಸೆ. ಅವಳ ಮಾವ ಜಂಬುಲಿಂಗಪ್ಪ ನನ್ನ ಚಡ್ಡಿ ಕಾಲದ ಗೆಳೆಯ. ಮೊಳಕಾಲ್ಮೂರಿನ ಮಗ್ಗಗಳಿಗೆ ರೇಷ್ಮೆ ಕೊಟ್ಟು ಸೀರೆ ನೇಯಿಸಿ ಮಾರುವ ಮನೆತನ ಅವನದು. ಸೀರೆಯಂಚಿನ ಚಿತ್ರಗಳನ್ನು ಚೌಕುಳಿ ಕಾಗದದ ಮೇಲೆ ತಾನೇ ಬರೆಯುತ್ತಿದ್ದ. ಅವನು ಅಂಚಿಗೆ ಗಿಳಿ ಬರೆದ ದಿನ ಅಕ್ಕಪಕ್ಕದ ಮನೆಯವರು ಮಾಳಿಗೆಯ ಮೇಲೆ ಮೆಣಸಿನಕಾಯಿ ಒಣಹಾಕುತ್ತಿರಲಿಲ್ಲ. ಗೆಳೆಯನಿಗಾಗಿ ಇಷ್ಟು ಸುಳ್ಳು ಹೇಳಬಹುದು.

ಇಂಥ ಕಾಗದಗಳು ಊರಿನ ಆರು ವ್ಯಾಪಾರಿ ಮನೆಗಳ ಬೀರುಗಳಲ್ಲಿ ಹುಳಕ್ಕೆ ಊಟವಾಗುತ್ತಿದ್ದವು. ಒಬ್ಬರದನ್ನು ಇನ್ನೊಬ್ಬರು ನೋಡುವಂತಿಲ್ಲ. ನೋಡಿದರೆ ನೆಂಟಸ್ತಿಕೆಯೇ ಮುರಿಯುತ್ತಿತ್ತು. ಕಂಪ್ಯೂಟರ್ ಡಿಪ್ಲೊಮಾವನ್ನು ಟ್ರಂಕಿನಲ್ಲಿ ಮಡಿಚಿಟ್ಟುಕೊಂಡು ಬಂದಿದ್ದ ದಾಕ್ಷಾಯಿಣಿ ಆರೂ ಮನೆ ಹತ್ತಿ ಇಳಿದು, ಎಲ್ಲವನ್ನೂ ಒಂದೇ ಡೇಟಾಬೇಸಿಗೆ ಸೇರಿಸಲು ಒಪ್ಪಿಸಿದಳು. ಜಂಬುಲಿಂಗಪ್ಪನ ಮನೆಗೆ ಅಂಟಿಕೊಂಡ ಅಂಗಡಿಯ ಹಿಂದೆ ಎಣ್ಣೆ ಡಬ್ಬ ಇಡುತ್ತಿದ್ದ ಕೋಣೆ ಖಾಲಿಯಾಯಿತು. ಅಲ್ಲಿ ಸರ್ವರ್ ಕೂತಿತು. ಕರೆಂಟು ಹೋದರೆ ಬ್ಯಾಟರಿ, ಇಂಟರ್‌ನೆಟ್ಟಿಗೆ ರೌಟರು. ಯಾವ ಎಳೆ ಮೇಲೇಳಬೇಕು, ಯಾವುದು ಕೆಳಗುಳಿಯಬೇಕು ಎಂದು ಪ್ರತಿ ಅಂಚನ್ನೂ ಸಾಲುಸಾಲಾಗಿ ಅದಕ್ಕೆ ತುಂಬಿದಳು. ಯಾರು ಏನು ನೋಡಬಹುದು, ಯಾರು ಏನು ತಿದ್ದಬಹುದು ಎಂದು ಒಬ್ಬೊಬ್ಬರಿಗೂ ಬೇರೆ ಬೇರೆ ಹಕ್ಕು ಕೊಟ್ಟಳು.

"ಡೇಟಾಬೇಸ್ ಅಂದ್ರೆ ಏನಮ್ಮ ಅದು?" ಎಂದು ನಾನು ಕೇಳಿದ್ದೆ.

"ಆರು ಮನೆ ಬೀರು ಒಂದೇ ಕಡೆ ಇಟ್ಟು, ಖಾನೆಗೊಂದು ಕೀಲಿ ಕೊಟ್ಟಂಗೆ ದೊಡ್ಡಪ್ಪ. ಮೊಳಕಾಲ್ಮೂರಲ್ಲಿ ಕುಂತೋರು ಅಲ್ಲಿಂದ್ಲೇ ತೆಗೀಬಹುದು. ಮನುಷ್ಯ ಎಲ್ಲಾದ್ರೂ ಇರ್ಲಿ, ಅವನ ಕೈ ಮಾತ್ರ ಇಲ್ಲಿಗೆ ಬರ್ತೈತೆ."

"ಬರೀ ಕೈ?"

"ಬರೀ ಕೈ."

ಆಗ ನಕ್ಕಿದ್ದೆ.

ಮೊಳಕಾಲ್ಮೂರಿನಲ್ಲಿ ಮೊದಲು ಸಂಪರ್ಕ ಸಿಕ್ಕಿದ್ದು ನೇಕಾರ ಸೂರಪ್ಪನ ಮನೆಗೆ. ಮಗ್ಗದ ಪಕ್ಕದ ಕಂಪ್ಯೂಟರಿನಲ್ಲಿ ಚಳ್ಳಕೆರೆಯ ಅಂಚು ಮೂಡಿದಾಗ ಅವನು ಚಪ್ಪಲಿ ಬಿಟ್ಟು ನಿಂತನಂತೆ. ಸೂರಪ್ಪನ ಮನೆಗೆ ಅಂಟಿಕೊಂಡೇ ಜಂಬುಲಿಂಗಪ್ಪನದೊಂದು ಕೋಣೆಯಿತ್ತು. ವಾರಕ್ಕೊಮ್ಮೆ ಹೋಗಿ ಕೂತು ಚಿತ್ರ ಬರೆಯುವ ಜಾಗ. ದಾಕ್ಷಾಯಿಣಿ ಅಲ್ಲಿಗೂ ಒಂದು ಕಂಪ್ಯೂಟರ್ ಇಟ್ಟು, ಮಾವನ ಹೆಸರಲ್ಲೇ ಲಾಗಿನ್ ಮಾಡಿಕೊಟ್ಟಳು.

ಆ ಹೆಸರಲ್ಲಿ ಅವನು ಕೊನೆಗೆ ಬರೆದದ್ದು ಒಂದು ಹುಲ್ಲೆ. ವರವು ಕಾವಲಿನ ಹುಲ್ಲುಗಾವಲಿಗೆ ಬೇಲಿ ಬೀಳುವ ಮುಂಚೆ ನಾವಿಬ್ಬರೂ ಅಲ್ಲಿ ಹುಲ್ಲೆಗಳ ಹಿಂದೆ ಓಡಿದವರು. ನನ್ನ ಓಟಕ್ಕೆ ಹುಲ್ಲೆಗಳೇ ದಾರಿ ಬಿಡುತ್ತಿದ್ದವು ಎಂಬುದು ಬೇರೆ ಕತೆ. ಓಡುವ ಹುಲ್ಲೆಯ ಕೊಂಬು, ಕುತ್ತಿಗೆ, ಮುಂಗಾಲು ಬರೆದು ಮುಗಿಸಿದ್ದ. ಕಣ್ಣು ಮಾತ್ರ ಇಟ್ಟಿರಲಿಲ್ಲ. ಪ್ರಾಣಿಗೆ ಕಣ್ಣನ್ನು ಎಲ್ಲಕ್ಕಿಂತ ಕೊನೆಗೆ ಇಡಬೇಕು, ಅದನ್ನೂ ಬರೆದವನೇ ಇಡಬೇಕು ಎಂಬುದು ಅವನ ಕಟ್ಟಳೆ. ಹಿಂಗಾಲಿಗೆ ಬರುವ ಮೊದಲೇ ಹೋಗಿಬಿಟ್ಟ. ಅರ್ಧ ಹುಲ್ಲೆ ಡೇಟಾಬೇಸಿನಲ್ಲಿ ಹಾಗೇ ನಿಂತಿತು.

ಸತ್ತವರ ಲಾಗಿನ್ ತೆಗೆಯಬೇಕು. ಅದು ದಾಕ್ಷಾಯಿಣಿಗೆ ಗೊತ್ತಿಲ್ಲದ್ದಲ್ಲ. ಆದರೆ ನಮ್ಮ ಸೀಮೆಯಲ್ಲಿ ಹಿರಿಯರ ಹೆಸರನ್ನು ಯಾರು ತೆಗೆಯುತ್ತಾರೆ? ಆ ಮನೆಯ ಕರೆಂಟ್ ಬಿಲ್ಲು, ಗ್ಯಾಸು, ಅಂಗಡಿಯ ಬೋರ್ಡು, ಎಲ್ಲವೂ ಇಂದಿಗೂ ಜಂಬುಲಿಂಗಪ್ಪನವೇ. ಸೊಸೆಯಾದವಳು ಒಂದು ಬಟನ್ ಒತ್ತಿ ಮಾವನನ್ನು ಅಳಿಸುವುದೆಂದರೆ ಏನು? ಕೈ ಬರಲಿಲ್ಲ. ಬಿಟ್ಟಳು.

ವರ್ಷ ತುಂಬಿದ ಮೇಲೆ ಒಂದು ದಿನ ಸೂರಪ್ಪನ ಫೋನು ಬಂತು.

"ಅಮ್ಮಾ, ಧಣಿಗಳ ಹುಲ್ಲೆಗೆ ಹಿಂಗಾಲು ಬಂದೈತೆ."

"ಏನಂದೆ?"

"ನಿನ್ನೆ ತೊಡೆ ಇತ್ತಮ್ಮ. ಇವತ್ತು ಮೊಣಕಾಲ ತನಕ ಇಳಿದೈತೆ."

ದಾಕ್ಷಾಯಿಣಿ ತೆರೆದು ನೋಡಿದಳು. ಹೌದು. ದಿನಕ್ಕಿಷ್ಟು ಸಾಲಿನಂತೆ ಹುಲ್ಲೆ ಬೆಳೆಯುತ್ತಿತ್ತು. ಪ್ರತಿ ಸಾಲಿನ ಪಕ್ಕದಲ್ಲೂ ಬರೆದವರ ಹೆಸರನ್ನು ಸರ್ವರೇ ದಾಖಲಿಸಿತ್ತು: ಜಂಬುಲಿಂಗಪ್ಪ. ಎಲ್ಲವೂ ದೀಪ ಹಚ್ಚುವ ಹೊತ್ತಿಗೆ. ಎಲ್ಲವೂ ಮೊಳಕಾಲ್ಮೂರಿನ ಅದೇ ಕೋಣೆಯ ಕಂಪ್ಯೂಟರಿನಿಂದ. ಆ ಕೋಣೆಗೆ ಅವನು ಸತ್ತಾಗ ಬೀಗ ಬಿದ್ದದ್ದು, ಮತ್ತೆ ತೆಗೆದಿರಲಿಲ್ಲ. ಇದ್ದ ಒಂದೇ ಕೀಲಿಕೈ ಚಳ್ಳಕೆರೆಯ ಮನೆಯ ದೇವರ ಕೋಣೆಯ ಮೊಳೆಯಲ್ಲಿ ನೇತಾಡುತ್ತಿತ್ತು.

ಸುದ್ದಿ ಸಂಗಮೇಶನ ಕಿವಿಗೆ ಬಿತ್ತು. ಆರು ಮನೆಗಳಲ್ಲಿ ಒಂದರ ಯಜಮಾನ. ನಂಬಿಕೆ ಕಡಿಮೆ, ಹೊಟ್ಟೆ ದೊಡ್ಡದು.

"ನೋಡು ತಂಗಿ, ಯಾವನೋ ಕಳ್ಳ ಒಳಗೆ ಹೊಕ್ಕಾನೆ. ಇವತ್ತು ನಿಮ್ಮ ಹುಲ್ಲೆ, ನಾಳೆ ನಮ್ಮ ನವಿಲು. ಸೋಮವಾರ ಎಲ್ರೂ ಸೇರ್ತೀವಿ. ಅಷ್ಟೊತ್ತಿಗೆ ಅವನು ಯಾರು ಅಂತ ತೋರ್ಸು. ಇಲ್ಲಾಂದ್ರೆ ನಿನ್ನ ಡಬ್ಬ ಬಂದ್ ಮಾಡಿ, ಅವರವರ ಕಾಗದ ಅವರವರ ಬೀರಿಗೆ."

ಟ್ರಂಕಿನಿಂದ ಹೊರಗೆ ಬಂದ ಡಿಪ್ಲೊಮಾ ಮತ್ತೆ ಟ್ರಂಕಿಗೆ ಹೋಗುವ ಮಾತು ಅದು. ಆ ಲಾಗಿನ್ನನ್ನೇ ಮುಚ್ಚಿಬಿಡು ಎಂದು ನಾನು ದಾಕ್ಷಾಯಿಣಿಗೆ ಹೇಳಿದೆ.

"ಬಾಗ್ಲು ಹಾಕಿದ್ರೆ ಕಳ್ಳ ಓಡಿಹೋಗ್ತಾನೆ, ಸಿಗಲ್ಲ ದೊಡ್ಡಪ್ಪ" ಎಂದಳು.

ಲಾಗಿನ್ ಇದ್ದವರನ್ನೆಲ್ಲ ಕೇಳಿದಳು. ಯಾರೂ ಅಲ್ಲ. ಒಂದು ಮಧ್ಯಾಹ್ನ ಊಟಕ್ಕೆ ಕೂತಾಗ, "ಮಾವನ ಹೆಸರಲ್ಲಿ ಯಾರು ಬರ್ತಾ ಇದಾರೋ ಗೊತ್ತಾಗ್ತಿಲ್ಲ" ಎಂದು ತನಗೆ ತಾನೇ ಅಂದುಕೊಂಡಳಂತೆ. ಮಜ್ಜಿಗೆ ಬಡಿಸುತ್ತಿದ್ದ ಅತ್ತೆ ವೀರಮ್ಮ ತಲೆ ಎತ್ತದೆ ಹೇಳಿದರು: "ಅವರ ಹೆಸರಲ್ಲಿ ಅವರೇ ಬರ್ತಾರೆ. ಇನ್ಯಾರು ಬರ್ತಾರೆ?"

ಚಳ್ಳಕೆರೆಯ ಬೇಸಿಗೆ ಎಂಥದೆಂದರೆ ಕಾಗೆಗಳು ಎಣ್ಣೆ ಮಿಲ್ಲಿನ ನೆರಳನ್ನು ಬಾಡಿಗೆಗೆ ಹಿಡಿಯುತ್ತವೆ. ಅಂಥ ಬೇಸಿಗೆಯಲ್ಲಿ, ಆ ಮಾತು ಕೇಳಿ ನನಗೆ ಕಂಬಳಿ ಬೇಕೆನಿಸಿತು.

ಸೋಮವಾರಕ್ಕೆ ಮುಂಚಿನ ದಿನ, ಮೊಳೆಯ ಮೇಲಿನ ಕೀಲಿಕೈ ತೆಗೆದುಕೊಂಡು ದಾಕ್ಷಾಯಿಣಿಯೂ ನಾನೂ ಹೊರಟೆವು. ಕಾರು ಸಂಗಮೇಶನದು, ಅವನಿಗೆ ಕುದಾಪುರದಲ್ಲಿ ಏನೋ ಕೆಲಸವಿತ್ತು, ಆ ದಾರಿಯಲ್ಲೇ ಹೋದೆವು. ಬಿಸಿಲು ಇಳಿಯುತ್ತಿತ್ತು. ಒಂದು ಕಡೆ ಉದ್ದಕ್ಕೂ ಕಾವಲಿನ ಬೇಲಿ, ಆಚೆ ಒಣಗಿದ ಹುಲ್ಲು. ಹುಲ್ಲಿನ ನಡುವೆ ಒಂದು ಹುಲ್ಲೆ ನಿಂತು ನಮ್ಮನ್ನೇ ನೋಡುತ್ತಿತ್ತು. ಕೊಂಬು, ಕುತ್ತಿಗೆ, ಮುಂಗಾಲು ಕಾಣುತ್ತಿದ್ದವು. ಹಿಂಭಾಗ ಎಲ್ಲಿತ್ತೋ, ಹುಲ್ಲು ಮುಚ್ಚಿತ್ತೋ.

"ಜಲ್ದಿ ಹೊಡಿ ಸಂಗಮೇಶ" ಎಂದೆ.

"ನಾನೇನು ನಿಲ್ಸಿದೀನೇನ್ರಿ?" ಎಂದ. ಕಾರಿನ ವೇಗ ಮಾತ್ರ ಹೆಚ್ಚಿತು.

ಮೊಳಕಾಲ್ಮೂರು ಮುಟ್ಟಿದಾಗ ಮನೆಗಳಲ್ಲಿ ದೀಪ ಹತ್ತುತ್ತಿದ್ದವು. ಸೂರಪ್ಪ ಬಾಗಿಲಲ್ಲೇ ಕಾದಿದ್ದ.

"ದಿನಾ ಈ ಹೊತ್ತಿಗೆ ಗೋಡೆ ಆಚೆ ಗುಂಯ್ ಅಂತೈತಮ್ಮ. ಧಣಿಗಳು ಬಂದ್ರು ಅಂತ ನಾವು ಮಗ್ಗ ನಿಲ್ಸಿಬಿಡ್ತೀವಿ."

"ಒಂದಿನಾನೂ ನಂಗೆ ಹೇಳ್ಳಿಲ್ವಲ್ಲ?"

"ಧಣಿಗಳು ಅವರ ಕೋಣೆಗೆ ಬಂದ್ರೆ ಅದ್ರಾಗೆ ಹೇಳಾದೇನೈತಮ್ಮ?"

ಬೀಗ ತುಕ್ಕು ಹಿಡಿದಿತ್ತು. ಬಾಗಿಲಿನಿಂದ ಚೌಕಟ್ಟಿನವರೆಗೆ ಕಟ್ಟಿದ್ದ ಜೇಡರ ಬಲೆ ಹರಿಯದೆ ಹಾಗೇ ಇತ್ತು. ಅದನ್ನು ದಾಟಿ ಯಾರೂ ಹೋಗಿರಲಿಲ್ಲ. ದಾಕ್ಷಾಯಿಣಿ ಬೀಗ ತೆಗೆದು ಬಾಗಿಲು ನೂಕಿದಳು. ಕತ್ತಲೆ, ಹಳೆಯ ರೇಷ್ಮೆಯ ವಾಸನೆ. ಕತ್ತಲೆಯ ತುದಿಯಲ್ಲಿ ಕಂಪ್ಯೂಟರಿನ ತೆರೆ ಬೆಳಗುತ್ತಿತ್ತು. ಮುಂದಿನ ಕುರ್ಚಿ ಖಾಲಿ. ಕುರ್ಚಿಯ ಮೇಲಿನ ಧೂಳು ಕೂಡ ಕದಲಿರಲಿಲ್ಲ.

ತೆರೆಯ ಮೇಲೆ ಹುಲ್ಲೆ ಇತ್ತು. ಅದರ ಗೊರಸಿನ ಬಳಿ ಬಾಣದ ಗುರುತು ತಾನಾಗಿ ಸರಿಯುತ್ತಿತ್ತು. ನಿಂತಿತು. ಒಂದು ಚೌಕ ತುಂಬಿತು. ಮತ್ತೆ ಸರಿಯಿತು. ವಯಸ್ಸಾದವರು ಮೆಟ್ಟಿಲಿಳಿಯುವ ಹಾಗೆ.

ಸಂಗಮೇಶ ನನ್ನ ಹಿಂದೆ ಬಂದ. ಮೂರು ಆಳಿನ ಅಗಲದ ಮನುಷ್ಯ, ನನ್ನ ಹಿಂದೆ ಪೂರ್ತಿ ಅಡಗಿದ್ದ ಎಂದರೆ ನಂಬಬೇಕು.

ದಾಕ್ಷಾಯಿಣಿ ಮಾತ್ರ ಹತ್ತಿರ ಹೋಗಿ ನೋಡುತ್ತ ನಿಂತಳು. ಬಾಣ ಪ್ರತಿ ಚೌಕವನ್ನೂ ತುಂಬುವ ಮೊದಲು ಅದರ ಸುತ್ತ ಒಂದು ಸಣ್ಣ ಸುತ್ತು ಹಾಕುತ್ತಿತ್ತು. ರಂಗೋಲಿಯ ಚುಕ್ಕಿ ಇಡುವಾಗ ಕೆಲವರ ಬೆರಳು ಹಾಗೆ ಸುತ್ತುತ್ತದೆ. ಅವಳು ಫೋನ್ ತೆಗೆದು ಮನೆಗೆ ಮಾಡಿದಳು. ಅತ್ತ ರಿಂಗಾಗುತ್ತಿದ್ದಂತೆ ಇತ್ತ ಬಾಣ ಗಕ್ಕನೆ ನಿಂತಿತು.

"ಅತ್ತೆ, ಏನ್ ಮಾಡ್ತಿದ್ದೀರಿ?"

"ಪೂಜೆಗೆ ಕುಂತಿದ್ದೆ ಕಣೇ."

"ಹುಲ್ಲೆ ಹಿಂಗಾಲು ಸ್ವಲ್ಪ ಉದ್ದ ಆತು ನೋಡ್ರಿ."

ಅತ್ತ ಕಡೆ ಬಳೆಯ ಸದ್ದು. ಆಮೇಲೆ ವೀರಮ್ಮನ ದನಿ ಬಂತು. "ಅವರು ಉದ್ದಾನೇ ಬೇಕು ಅಂದಿದ್ರು. ಓಡೋ ಪ್ರಾಣಿ ಅಲ್ವೇನೇ."

ಸಂಗತಿ ಹೀಗಿತ್ತು. ಸೊಸೆಯ ಬಳಿ ಏನನ್ನೂ ಕೇಳುವುದು ಜಂಬುಲಿಂಗಪ್ಪನ ಜಾಯಮಾನವಲ್ಲ. ಮನೆಯಲ್ಲಿ ಕೂತೇ ಮೊಳಕಾಲ್ಮೂರಿನ ಕಂಪ್ಯೂಟರನ್ನು ಆಡಿಸುವಂತೆ ತನ್ನ ಟ್ಯಾಬಿಗೆ ಮೊಬೈಲ್ ಅಂಗಡಿಯವನಿಂದ ಏನೋ ಹಾಕಿಸಿಕೊಂಡಿದ್ದ. ಕೈ ನಡುಗತೊಡಗಿದ ಮೇಲೆ ಅವನು ಹೇಳುವುದು, ಹೆಂಡತಿ ಚುಕ್ಕಿ ಇಡುವುದು. ಅವನು ಹೋದ ಮೇಲೂ ಟ್ಯಾಬು ದಾರಿ ಮರೆತಿರಲಿಲ್ಲ. ಕೋಣೆಯ ಕಂಪ್ಯೂಟರನ್ನು ಯಾರೂ ಆರಿಸಿರಲಿಲ್ಲ; ನಿದ್ದೆ ಹೋದಂತಿದ್ದ ಅದು ಟ್ಯಾಬು ಮುಟ್ಟಿದಾಗೆಲ್ಲ ಗುಂಯ್ ಎಂದು ಎಚ್ಚರವಾಗುತ್ತಿತ್ತು. ವೀರಮ್ಮನ ಕೈ ಚಳ್ಳಕೆರೆಯ ದೇವರ ಕೋಣೆಯಿಂದ ಹೊರಟು, ಕಾವಲು ದಾಟಿ, ಮೊಳಕಾಲ್ಮೂರಿನ ಬೀಗದ ಒಳಗೆ ಹೊಕ್ಕು, ಅಲ್ಲಿಂದ ತಿರುಗಿ ಚಳ್ಳಕೆರೆಗೇ ಬಂದು, ತನ್ನದೇ ಮನೆಯ ಗೋಡೆಯಾಚೆಗಿನ ಸರ್ವರನ್ನು ಮುಟ್ಟುತ್ತಿತ್ತು.

"ನಂಗೊಂದು ಮಾತು ಹೇಳಬಾರ್ದಾ ಅತ್ತೆ?"

"ನೀನು ಎಲ್ರನ್ನೂ ಕೇಳ್ದೆ, ನನ್ನ ಕೇಳಿದ್ಯಾ? ಅರ್ಧ ಹುಲ್ಲೆ ಎಷ್ಟು ದಿನ ಅಂತ ನಿಂತ ಕಡೇನೇ ನಿಂತಿರ್ತೈತೆ? ಇವತ್ತಿಗೆ ಗೊರಸು ಮುಗೀತು. ಕಣ್ಣು ಮಾತ್ರ ನಾನಿಡಲ್ಲ. ಅದು ಅವರ ಕೆಲ್ಸ. ತಗಾ, ಟ್ಯಾಬ್ ಆರಿಸ್ದೆ."

ಸಂಗಮೇಶ ನನ್ನ ಬೆನ್ನ ಹಿಂದಿನಿಂದ ಹೊರಬಂದು ನಕ್ಕ. ಹೊಟ್ಟೆ ಕುಣಿಯುವಂತೆ ನಕ್ಕ. "ವೀರಮ್ಮಾರಾ! ನಾನು ಏನೋ ಅಂದ್ಕೊಂಡು..." ಎನ್ನುತ್ತ ತೆರೆಯ ಕಡೆ ತಿರುಗಿದವನು ಬಾಯಿ ತೆರೆದಂತೆಯೇ ನಿಂತ.

ಬಾಣ ಮತ್ತೆ ಸರಿಯುತ್ತಿತ್ತು. ಗೊರಸು ಬಿಟ್ಟು ಮೇಲೆ, ಬೆನ್ನಿನ ಗೆರೆ ಹಿಡಿದು, ಕುತ್ತಿಗೆ ಏರಿ. ಈ ಸಲ ಸುತ್ತು ಹಾಕಲಿಲ್ಲ, ನಡುಗುತ್ತಿತ್ತು. ಮುಖದ ಬಳಿ ಬಂದು ನಿಂತಿತು. ಒಂದು ಚೌಕ ತುಂಬಿತು. ಹುಲ್ಲೆ ನಮ್ಮನ್ನು ನೋಡಿತು.

ದಾಕ್ಷಾಯಿಣಿಯ ಒಂದು ಕೈಯಲ್ಲಿ ಫೋನಿತ್ತು. ಇನ್ನೊಂದು ಕೈ ಎಲ್ಲಿತ್ತೋ, ಕತ್ತಲೆಯಲ್ಲಿ ನನಗೆ ಕಾಣಲಿಲ್ಲ.

ಹಿಂದಿರುಗುವಾಗ ಸಂಗಮೇಶ ಹುಲ್ಲೆ ಕಂಡಿದ್ದ ಕುದಾಪುರದ ದಾರಿ ಹಿಡಿಯಲಿಲ್ಲ. ಸೋಮವಾರ ಎಲ್ಲರೂ ಸೇರಿದಾಗ ಮೊದಲು ಎದ್ದು ನಿಂತವನೂ ಅವನೇ. ಸರ್ವರ್ ಬಂದ್ ಮಾಡುವ ಮಾತು ಯಾರೂ ಎತ್ತಕೂಡದು, ಹಿರಿಯರ ಹೆಸರನ್ನು ಯಾರೂ ಮುಟ್ಟಕೂಡದು ಎಂದ. ಬರುವಾಗ ಸರ್ವರಿಗೆ ಒಂದು ಮಲ್ಲಿಗೆ ಹಾರವನ್ನೂ ತಂದಿದ್ದ. ತಂತಿಗಳ ಮೇಲೆ ನೀರು ಬೀಳುತ್ತದೆಂದು ದಾಕ್ಷಾಯಿಣಿ ಅದನ್ನು ಬಾಗಿಲಿಗೆ ಹಾಕಿದಳು. ಸೂರಪ್ಪನ ಮಗ್ಗದಲ್ಲಿ ಹುಲ್ಲೆಯಂಚಿನ ಸೀರೆ ಏರಿತು. ಮೊದಲನೆಯದನ್ನು ವೀರಮ್ಮ ಉಟ್ಟರು.

ಆದರೂ ನನ್ನ ಹೊಟ್ಟೆಯಲ್ಲಿ ಒಂದು ಪ್ರಶ್ನೆ ಉಳಿದಿತ್ತು. ಊರೆಲ್ಲ ಸಾರಿದ ನನ್ನ ಮಾತಿನ ಮಾನ ಬೇರೆ ಹೋಗಿತ್ತು. ಒಂದು ದಿನ ಅಂಗಡಿಗೆ ಹೋಗಿ ಕೂತು ಕೇಳಿದೆ.

"ದಾಕ್ಷಾಯಿಣಿ, ನಿಜ ಹೇಳು. ಆ ಕಣ್ಣು ಇಟ್ಟಿದ್ದು ಯಾರ ಬೆರಳು?"

ಅವಳು ಸೀರೆ ಮಡಿಸುವುದನ್ನು ನಿಲ್ಲಿಸಲಿಲ್ಲ.

"ಸರ್ವರಲ್ಲಿ ಮಾವನ ಹೆಸರೇ ಬಂದೈತಲ್ಲ ದೊಡ್ಡಪ್ಪ."

"ಹೆಸರು ಯಾರದಾದ್ರೂ ಇರ್ಲಿ, ನಾನು ಕೇಳಿದ್ದು ಬೆರಳು. ಸತ್ತವರು ಬಂದು ಒತ್ತೋಕಾಗ್ತೈತಾ?"

"ನಿಮ್ಮ ಹೊಲದ ಪಹಣಿ ಯಾರ ಹೆಸರಲ್ಲೈತೆ?"

"ನಮ್ಮ ತಾತನ ಹೆಸರಲ್ಲಿ."

"ಅವರು ತೀರ್ಕೊಂಡಾಗ ನೀವಿನ್ನೂ ತೊಟ್ಟಿಲಲ್ಲಿದ್ರಂತೆ" ಎಂದು ದಾಕ್ಷಾಯಿಣಿ ಸೀರೆಯನ್ನು ಕಪಾಟಿಗೆ ಇಟ್ಟು ನನ್ನ ಕಡೆ ತಿರುಗಿದಳು. "ಹೋದ ವರ್ಷ ಪಂಪ್‌ಸೆಟ್ ಅರ್ಜಿ ಮೇಲೆ ಅವರದ್ದೊಂದು ಹೆಬ್ಬೆಟ್ಟು ಬಿತ್ತಲ್ಲ, ಅದು ಯಾರ ಬೆರಳು ದೊಡ್ಡಪ್ಪ?"