ಬಲತೋಳು ಎಡಚಿಯದು

ಆ ಮನೆಯಲ್ಲಿ ಸ್ವೆಟರಿನ ಬಲತೋಳನ್ನು ಹೆಣೆಯುತ್ತಿದ್ದವಳು ಎಡಗೈಯವಳು, ಎಡತೋಳನ್ನು ಹೆಣೆಯುತ್ತಿದ್ದವಳು ಬಲಗೈಯವಳು. ಕೇಳಿದವರು ನಗುತ್ತಿದ್ದರು. ನಗಲಿ ಬಿಡಿ. ಮೂವತ್ತೆರಡು ವರ್ಷ ಈ ಏರ್ಪಾಟು ಕೈಕೊಟ್ಟಿರಲಿಲ್ಲ, ಅಂಗಡಿಯಿಂದ ಒಂದು ಸ್ವೆಟರೂ ವಾಪಸು ಬಂದಿರಲಿಲ್ಲ.

ಎಡಗೈಯವಳನ್ನು ಎಲ್ಲರೂ ಎಡಚಿ ಅಂತಲೇ ಕರೆಯುತ್ತಿದ್ದರು. ಹೀಯಾಳಿಸಲು ಇಟ್ಟ ಹೆಸರು ಅದು. ಬಳಸಿ ಬಳಸಿ ಮೊನೆ ಸವೆದು, ಕೊನೆಗೆ ಗಂಡನೂ ಪ್ರೀತಿಯಿಂದ ಹಾಗೇ ಕೂಗುವಂತಾಗಿತ್ತು. ಬಲಗೈಯವಳು ಅವಳ ವಾರಗಿತ್ತಿ, ಗಂಡನ ಅಣ್ಣನ ಹೆಂಡತಿ. ಎಡಚಿ ಅವಳನ್ನು ಅಕ್ಕ ಎನ್ನುತ್ತಿದ್ದಳು. ವಾರಗಿತ್ತಿಯರು ಎಂದ ಕೂಡಲೇ ಜಗಳದ ಕಥೆ ಬಂತು ಎಂದು ಕಿವಿ ನಿಮಿರಿಸಿ ಕೂರುವವರಿಗೆ ಸ್ವಲ್ಪ ನಿರಾಸೆಯಾದೀತು. ಜಗಳ ಇರಲಿಲ್ಲ ಅಂತಲ್ಲ. ಮುಂದಿನ ಕೋಣೆಯ ಕಿಟಕಿ ತೆರೆದಿರಬೇಕೋ ಮುಚ್ಚಿರಬೇಕೋ ಎಂಬ ಒಂದೇ ವಿಷಯಕ್ಕೆ ಹದಿನೈದು ವರ್ಷ ಕಿತ್ತಾಡಿದ್ದರು. ಆದರೆ ಕಿತ್ತಾಡಿದ್ದೂ ಅದೇ ಕಿಟಕಿಯ ಕೆಳಗೆ, ಎದುರುಬದುರು ಕೂತು, ಕೈ ನಿಲ್ಲಿಸದೆ.

ಕ್ರೋಶಾ ಕಡ್ಡಿಯಲ್ಲಿ ತೋಳು ಹೆಣೆಯುವುದೆಂದರೆ ಕೊಳವೆ ಹೆಣೆಯುವುದು. ಕಂಕುಳ ಕಡೆಯಿಂದ ಶುರುಮಾಡಿ ಒಂದು ಸುತ್ತು ಹಾಕಿ, ಸುತ್ತಿನ ಕೊನೆಯನ್ನು ಮೊದಲಿಗೆ ಸೇರಿಸಿ, ಮುಂದಿನ ಸುತ್ತಿಗೆ ಹತ್ತಬೇಕು. ಹೀಗೆ ಸೇರಿಸಿದ ಜಾಗಗಳೆಲ್ಲ ಒಂದರ ಪಕ್ಕ ಒಂದು ಕೂತು ಗೆರೆಯಾಗುತ್ತವೆ. ಆ ಗೆರೆ ನೆಟ್ಟಗಿದ್ದರೆ ತೋಳಿನ ಒಳಬದಿಯಲ್ಲೇ ಅಡಗಿರುತ್ತದೆ. ಆದರೆ ಅದು ನೆಟ್ಟಗಿರುವ ಜಾತಿಯದಲ್ಲ. ಬಲಗೈಯಲ್ಲಿ ಹೆಣೆದರೆ ಸುತ್ತಿಗೆ ಕೂದಲೆಳೆಯಷ್ಟು ಬಲಕ್ಕೆ ಜರುಗುತ್ತದೆ, ಎಡಗೈಯಲ್ಲಿ ಹೆಣೆದರೆ ಎಡಕ್ಕೆ. ಐವತ್ತು ಸುತ್ತು ಮುಗಿಯುವಷ್ಟರಲ್ಲಿ ತೋಳಿನ ಕಾಲುಭಾಗ ಸುತ್ತಿ ಬಂದಿರುತ್ತದೆ. ಎಡತೋಳನ್ನು ಬಲಗೈಯವಳು ಹೆಣೆದರೆ ಗೆರೆ ತೋಳಿನ ಹಿಂದಕ್ಕೆ ಹೋಗಿ ಮರೆಯಾಗುತ್ತದೆ. ಅದೇ ಕೈ ಬಲತೋಳನ್ನೂ ಹೆಣೆದರೆ ಗೆರೆ ಮುಂದಕ್ಕೆ ಬಂದು ಎದ್ದು ಕಾಣುತ್ತದೆ. ಆದ್ದರಿಂದ ಬಲತೋಳಿಗೆ ಎಡಗೈಯೇ ಬೇಕು. ಇದು ಅಕ್ಕ ಹೇಳಿಕೊಟ್ಟ ಪಾಠ.

ಎಡಚಿ ಆ ಮನೆಗೆ ಸೊಸೆಯಾಗಿ ಬಂದಾಗ ಅವಳಿಗೆ ಇಪ್ಪತ್ತು ವರ್ಷ. ಅಡುಗೆಮನೆ ಇಕ್ಕಟ್ಟು, ಪಕ್ಕದಲ್ಲಿ ನಿಂತವರ ಮೊಣಕೈಗೆ ಇವಳ ಮೊಣಕೈ ಬಡಿಯುತ್ತಿತ್ತು. ಬಾಗಿಲ ಚಿಲಕ ಹಾಕಿದರೆ ತಿರುವುಮುರುವು, ಹಗ್ಗ ಸುತ್ತಿಟ್ಟರೆ ಬಿಚ್ಚುವವರಿಗೆ ಗೋಜಲು. ಅತ್ತೆ ಕೆಟ್ಟವಳಲ್ಲ. ಆದರೆ ಅವಳ ತಲೆಯಲ್ಲಿ ಒಂದು ವಿಚಾರ ಕೂತರೆ ಎಬ್ಬಿಸಲು ಮೂರು ಜನ ಬೇಕಾಗುತ್ತಿತ್ತು. ಮೂರನೇ ತಿಂಗಳು ಎಡಚಿಯ ಕೈತಪ್ಪಿ ಎಣ್ಣೆಯ ಜಾಡಿ ಒಡೆಯಿತು. ಎಲ್ಲರೂ ಊಟಕ್ಕೆ ಕೂತಿದ್ದಾಗ ಅತ್ತೆ ತೀರ್ಪು ಕೊಟ್ಟಳು.

"ಇವಳನ್ನ ತವರಿಗೆ ಬಿಟ್ಟು ಬನ್ನಿ. ಬಲಗೈ ಕಲಿತ ಮೇಲೆ ಬರ್ಲಿ."

ಗಂಡ ತಟ್ಟೆ ನೋಡುತ್ತ ಕೂತ. ಅವನನ್ನು ಬಯ್ಯಬೇಕಾಗಿತ್ತು, ಬಯ್ಯಲು ಆಗ ಯಾರಿಗೂ ಪುರುಸೊತ್ತಿರಲಿಲ್ಲ. ಮಾವ ನೀರು ಕುಡಿದರು. ತವರಿನಲ್ಲಿ ಎಡಚಿಗಿಂತ ಚಿಕ್ಕವರು ಮೂವರು, ಹೋದರೆ ಮಲಗಲು ಜಾಗವಿರಲಿಲ್ಲ.

ಅಕ್ಕನಿಗೆ ಆಗಷ್ಟೇ ಪೇಟೆಯ ಉಡುಪಿನ ಅಂಗಡಿಯೊಂದು ಮೊದಲ ಸಲ ಸ್ವೆಟರುಗಳ ಕೆಲಸ ಕೊಟ್ಟಿತ್ತು, ಅತ್ತೆ ಅದನ್ನು ಬೀದಿಯಲ್ಲೆಲ್ಲ ಹೇಳಿಕೊಂಡು ಬಂದಿದ್ದಳು. ಎರಡು ದಿನ ಬಿಟ್ಟು ಅಕ್ಕ ಒಂದು ಸ್ವೆಟರನ್ನು ತಂದು ಅತ್ತೆಯ ಮಡಿಲಲ್ಲಿ ಹರವಿದಳು. ಎಡತೋಳು ಚೆನ್ನಾಗಿತ್ತು. ಬಲತೋಳಿನ ಗೆರೆ ಕಂಕುಳಿಂದ ಹೊರಟು, ದಾರಿ ತಪ್ಪಿದವರ ಹಾಗೆ ಮುಂದಕ್ಕೆ ಬಂದು ಮಣಿಕಟ್ಟಿನ ಹತ್ತಿರ ನಿಂತಿತ್ತು.

"ಒಬ್ಬಳ ಕೈಲಿ ಗೆರೆ ನೆಟ್ಟಗೆ ಬರಲ್ಲ ಅತ್ತೆ, ಬೇಕಿದ್ರೆ ನೋಡಿ. ಈ ಕೆಲಸಕ್ಕೆ ಒಂದು ಎಡಗೈ ಬೇಕೇ ಬೇಕು. ಇವಳನ್ನ ಕಳಿಸೋದಾದ್ರೆ ಅಂಗಡಿಯವ್ರಿಗೂ ಬೇಡ ಅಂತ ಹೇಳಿ ಕಳಿಸ್ತೀನಿ."

ಅತ್ತೆಗೆ ಕ್ರೋಶಾ ಗೊತ್ತಿರಲಿಲ್ಲ, ಸೊಟ್ಟ ಯಾವುದು ನೆಟ್ಟಗೆ ಯಾವುದು ಎಂದು ಮಾತ್ರ ಗೊತ್ತಿತ್ತು. ಬಹಳ ಹೊತ್ತು ನೋಡಿ, "ಹಾಗಾದ್ರೆ ಕಲಿಸು" ಎಂದಳು.

ಅಕ್ಕ ಅವಳನ್ನು ಪಕ್ಕದಲ್ಲಿ ಕೂರಿಸಿಕೊಳ್ಳಲಿಲ್ಲ, ಎದುರಿಗೆ ಕೂರಿಸಿಕೊಂಡಳು. "ಕನ್ನಡಿ ನೋಡಿದ ಹಾಗೆ ನನ್ನ ನೋಡು. ನನ್ನ ಕಡ್ಡಿ ಇರೋ ಕಡೆಗೇ ನಿನ್ನ ಕಡ್ಡಿ ಇರ್ಲಿ." ಎಡಚಿಗೆ ಜನ್ಮದಲ್ಲಿ ಮೊದಲ ಸಲ ಒಂದು ಕೆಲಸ ತಲೆಕೆಳಗಾಗದೆ ಕಂಡಿತು. ಒಂದು ತಿಂಗಳಲ್ಲಿ ಕೈ ಕೂತಿತು. ಅಕ್ಕ ಹಾಕಿದ ಕಟ್ಟಳೆ ಒಂದೇ. ಎದೆ ಬೆನ್ನಿನ ಪಟ್ಟಿಗಳನ್ನು ಸಾಲು ಸಾಲಿಗೂ ತಿರುಗಿಸಿ, ಬಂದ ದಾರಿಯಲ್ಲೇ ವಾಪಸು ಹೆಣೆಯಬಹುದು. ತೋಳನ್ನು ಮಾತ್ರ ತಿರುಗಿಸಕೂಡದು. "ಒಂದೇ ದಿಕ್ಕಿಗೆ ಹೋಗ್ತಾ ಇರು. ಸುತ್ತು ತಿರುಗಿಸಿದ್ರೆ ತೋಳು ಕೆಟ್ಟುಹೋಗುತ್ತೆ." ಎಡಚಿ ಅದನ್ನು ತಲೆಯ ಮೇಲಿಟ್ಟುಕೊಂಡಳು.

ಅತ್ತೆ ಮಾವ ತೀರಿಕೊಂಡರು. ಅಕ್ಕನ ಮಗಳು ಮದುವೆಯಾಗಿ ಎರಡು ಗಂಟೆ ದಾರಿಯ ಊರಿಗೆ ಹೋದಳು. ನಾಲ್ಕು ವರ್ಷದ ಹಿಂದೆ ಅಕ್ಕನ ಗಂಡನೂ ತೀರಿಕೊಂಡರು. ಅಕ್ಕ ಕಿಟಕಿಯ ಕೆಳಗಿನ ತನ್ನ ಕುರ್ಚಿಯನ್ನು ಬಿಟ್ಟಿರಲಿಲ್ಲ. ಈ ಸಲ ಚಳಿ ಶುರುವಾಗುವ ಮೊದಲು, ಒಂದು ಬೆಳಗ್ಗೆ ಕಾಫಿ ಲೋಟ ಅವಳ ಬಲಗೈಯಿಂದ ಜಾರಿತು. ಪಾರ್ಶ್ವವಾಯು. ಮೂರು ವಾರ ಆಸ್ಪತ್ರೆ. ಮಾತು ಉಳಿಯಿತು, ಕಾಲು ಕುಂಟುತ್ತಲಾದರೂ ಬಂತು. ಬಲಗೈ ಮಾತ್ರ ಮಡಿಲಲ್ಲಿ ಬಿದ್ದದ್ದು ಬಿದ್ದೇ ಇತ್ತು.

ಮನೆಗೆ ಬಂದ ಮೇಲೆ ಅಕ್ಕ ಕುರ್ಚಿಯಲ್ಲಿ ಕೂರಲಿಲ್ಲ. ಮಂಚದ ಮೇಲೆ ಗೋಡೆಯ ಕಡೆ ತಿರುಗಿ ಮಲಗಿದಳು. ಎಡಚಿ ಕಿಟಕಿ ಮುಚ್ಚಿದರೂ ಸುಮ್ಮನಿದ್ದಳು, ತೆರೆದರೂ ಸುಮ್ಮನಿದ್ದಳು. ಎಡಚಿಗೆ ಹೆದರಿಕೆಯಾದದ್ದು ಆಗ.

ಹತ್ತನೇ ದಿನ ಅಕ್ಕ ಮಗಳಿಗೆ ಫೋನ್ ಮಾಡಿಸಿದಳು. "ಬಂದು ಕರ್ಕೊಂಡು ಹೋಗು. ಇಲ್ಲಿ ನನ್ನಿಂದ ಯಾರಿಗೂ ಏನೂ ಆಗ್ಬೇಕಾಗಿಲ್ಲ. ಮೈದುನನ ಮನೇಲಿ ಎಷ್ಟು ದಿನ ಅಂತ ಬಿದ್ದಿರ್ಲಿ?"

ಮೈದುನನ ಮನೆಯಂತೆ. ಮೂವತ್ತೆಂಟು ವರ್ಷ ಬಾಳಿದ ಮನೆ. ಎಡಚಿ ಅಡುಗೆಮನೆಗೆ ಹೋಗಿ ತೊಳೆದ ಪಾತ್ರೆಗಳನ್ನೇ ಮತ್ತೆ ತೊಳೆದಳು. ಮಗಳು ಭಾನುವಾರ ಬರುವುದೆಂದು ಗೊತ್ತಾಯಿತು.

ಅದೇ ವಾರ ಅಂಗಡಿಯವಳು ಹನ್ನೆರಡು ಸ್ವೆಟರಿಗೆ ಹೇಳಿ ಕಳಿಸಿದ್ದಳು. ಹಾಡುವ ಮಕ್ಕಳ ತಂಡಕ್ಕೆ. ಪುಸ್ತಕ ಹಿಡಿದು ನಿಲ್ಲುವ ಮಕ್ಕಳಾದ್ದರಿಂದ ತೋಳಿನ ಮುಂಭಾಗವೇ ಜನರ ಕಣ್ಣಿಗೆ ಬೀಳುವುದು. ಎಡಚಿ ಒಬ್ಬಳೇ ಒಂದನ್ನು ಮುಗಿಸಿದಳು. ಬಲತೋಳು ಎಂದಿನಂತೆ ಬಂತು. ಎಡತೋಳಿನ ಗೆರೆ ಮುಂದಕ್ಕೆ ಬಂದು ನಿಂತಿತು. ಬಿಚ್ಚಿ ಹೆಣೆದಳು, ಬಿಗಿಯಾಗಿ ಹೆಣೆದಳು, ಸಡಿಲವಾಗಿ ಹೆಣೆದಳು. ಪ್ರತಿ ಐದು ಸುತ್ತಿಗೊಮ್ಮೆ ಗೆರೆಯನ್ನು ಒಂದು ಕುಣಿಕೆ ಹಿಂದಕ್ಕೆ ಎಳೆದು ನೋಡಿದಳು. ಅದು ಮೆಟ್ಟಿಲು ಮೆಟ್ಟಿಲಾಗಿ ಇನ್ನೂ ಅಸಹ್ಯವಾಯಿತು. ಕೊನೆಗೆ ಸೊಟ್ಟ ತೋಳಿನ ಸ್ವೆಟರನ್ನು ಹಾಗೇ ಮಡಚಿ ಬುಟ್ಟಿಯ ತಳಕ್ಕೆ ಹಾಕಿದಳು.

ಶನಿವಾರ ಅಕ್ಕನ ಬಟ್ಟೆ ಜೋಡಿಸಲು ಕಪ್ಪು ಪೆಟ್ಟಿಗೆ ತೆಗೆದಳು. ಕಣ್ಣೊರೆಸಿಕೊಳ್ಳುತ್ತಲೇ ಜೋಡಿಸುತ್ತಿದ್ದಳು. ತಳದಲ್ಲಿ ಹಳೆಯ ಬಟ್ಟೆಯಲ್ಲಿ ಸುತ್ತಿದ ಒಂದು ಗಂಟು ಸಿಕ್ಕಿತು. ಬಿಚ್ಚಿದರೆ ಅಂಗೈಯಗಲದ ಹಳದಿ ಸ್ವೆಟರು. ಅಕ್ಕನ ಮಗಳು ಹುಟ್ಟಿದಾಗಿನದು, ಎಡಚಿ ಆ ಮನೆಗೆ ಕಾಲಿಡುವ ಎರಡು ವರ್ಷ ಮೊದಲಿನದು.

ಅವಳ ಕೈ ತಾನಾಗಿಯೇ ತೋಳಿಗೆ ಹೋಯಿತು. ಎಡತೋಳಿನ ಗೆರೆ ನೆಟ್ಟಗಿತ್ತು. ಬಲತೋಳು ತಿರುಗಿಸಿದಳು. ಅದೂ ನೆಟ್ಟಗಿತ್ತು. ದಾರ ಕಟ್ಟಿ ಎಳೆದ ಹಾಗೆ, ಕಂಕುಳಿಂದ ಮಣಿಕಟ್ಟಿಗೆ. ಬೆಳಕಿಗೆ ಹಿಡಿದು ಕುಣಿಕೆಗಳನ್ನು ನೋಡಿದಳು. ಒಂದು ಸುತ್ತಿನಲ್ಲಿ ಕುಣಿಕೆಯ ಮುಖ ಕಾಣುತ್ತಿತ್ತು, ಮುಂದಿನ ಸುತ್ತಿನಲ್ಲಿ ಬೆನ್ನು, ಮತ್ತೆ ಮುಖ, ಮತ್ತೆ ಬೆನ್ನು. ಪ್ರತಿ ಸುತ್ತಿನ ಕೊನೆಗೂ ತೋಳನ್ನು ತಿರುಗಿಸಿ ಹೆಣೆದಿದ್ದರು. ಒಂದು ಸುತ್ತಿನಲ್ಲಿ ಬಲಕ್ಕೆ ಜರುಗಿದ ಗೆರೆ ಮುಂದಿನದರಲ್ಲಿ ಎಡಕ್ಕೆ ವಾಪಸು ಬಂದಿತ್ತು. ಅಷ್ಟೇ ವಿದ್ಯೆ. ಅದಕ್ಕೆ ಇಬ್ಬರು ಬೇಕಾಗಿರಲಿಲ್ಲ, ಎಡಗೈಯೂ ಬೇಕಾಗಿರಲಿಲ್ಲ.

ಎಡಚಿ ಎದ್ದು ಹೋಗಿ ಸ್ವೆಟರನ್ನು ಅಕ್ಕನ ಮಂಚದ ಮೇಲಿಟ್ಟಳು.

"ಇದನ್ನ ಯಾರು ಹೆಣೆದಿದ್ದು ಅಕ್ಕ?"

ಅಕ್ಕ ನೋಡಿದಳು. "ಕೊಂಡು ತಂದಿದ್ದಿರ್ಬೇಕು."

"ಕೊರಳಪಟ್ಟಿಲಿ ನಿನ್ನ ಗಂಟಿದೆ. ನಿನ್ನ ಗಂಟು ನಂಗೆ ಗೊತ್ತಾಗಲ್ವಾ?"

ಅಕ್ಕ ಗೋಡೆಯ ಕಡೆ ತಿರುಗಲು ನೋಡಿದಳು, ಬಲಗೈ ಅಡ್ಡ ಬಂತು.

"ಮೂವತ್ತೆರಡು ವರ್ಷ ನನ್ನ ಕಿವಿ ಮೇಲೆ ಹೂವಿಟ್ಟಿದ್ಯಲ್ಲ," ಎಂದಳು ಎಡಚಿ. ಸಿಟ್ಟಿನಿಂದ ಹೇಳಬೇಕೆಂದುಕೊಂಡಿದ್ದಳು, ದನಿ ಒಡೆದುಹೋಯಿತು.

"ಇನ್ನೇನು ಮಾಡ್ಲಿ? ನಿನ್ನ ಕಳಿಸಿಬಿಡ್ತಿದ್ರು." ಅಕ್ಕ ಮೆಲ್ಲಗೆ, ಪದ ಹುಡುಕಿ ಹುಡುಕಿ ಮಾತಾಡಿದಳು. "ಆ ಸೊಟ್ಟ ತೋಳು ಬೇಕು ಅಂತಲೇ ಮಾಡಿದ್ದೆ. ಆಮೇಲೆ ಹೇಳೋಣ ಅಂದ್ಕೊಂಡೆ. ಎದುರಿಗೆ ನೀನು ಕೂತಿರ್ತಿದ್ದೆ, ಚೆನ್ನಾಗಿರ್ತಿತ್ತು. ಹೇಳ್ಲಿಲ್ಲ." ಸ್ವೆಟರನ್ನು ಎಡಗೈಯಿಂದ ಎಡಚಿಯ ಕಡೆ ತಳ್ಳಿ, "ಈಗ ಗೊತ್ತಾಯ್ತಲ್ಲ. ತಿರುಗಿಸಿ ಹೆಣಿ. ನೀನೊಬ್ಬಳೇ ಸಾಕು, ನಾನು ಹೋದ್ರೂ ನಿಂಗೆ ತೊಂದರೆ ಇಲ್ಲ" ಎಂದಳು.

ಆ ಸಂಜೆ ಎಡಚಿ ಕಿಟಕಿಯ ಕೆಳಗೆ ಕೂತು, ಸುತ್ತು ಸುತ್ತಿಗೂ ತಿರುಗಿಸುತ್ತ ಗೇಣುದ್ದ ತೋಳು ಹೆಣೆದಳು. ನೆಟ್ಟಗೆ ಬಂತು, ಹೆಸರಿಡುವ ಹಾಗಿರಲಿಲ್ಲ. ಎದುರಿನ ಖಾಲಿ ಕುರ್ಚಿಯನ್ನು ನೋಡಿದಳು. ಆಮೇಲೆ ನೂಲಿನ ತುದಿ ಹಿಡಿದು ಅಷ್ಟನ್ನೂ ಬಿಚ್ಚಿ ಉಂಡೆ ಸುತ್ತಿದಳು.

ಭಾನುವಾರ ಮಗಳು ಬಂದಳು. ಅಮ್ಮನ ಮಂಚದ ಮೇಲೆ ಕೂತು, "ಎಲ್ಲ ರೆಡಿನಾ ಚಿಕ್ಕಮ್ಮ?" ಎಂದು ಕೇಳಿದಳು.

ಎಡಚಿ ಪೆಟ್ಟಿಗೆ ತರಲಿಲ್ಲ. ಬುಟ್ಟಿಯ ತಳದಿಂದ ಆ ಸ್ವೆಟರನ್ನು ತಂದು ಮಗಳ ಮಡಿಲಲ್ಲಿ ಹರವಿದಳು. ಬಲತೋಳು ಚೆನ್ನಾಗಿತ್ತು. ಎಡತೋಳಿನ ಗೆರೆ ಮುಂದೆ ಬಂದು ನಿಂತಿತ್ತು.

"ಒಬ್ಬಳ ಕೈಲಿ ಗೆರೆ ನೆಟ್ಟಗೆ ಬರಲ್ಲ, ಬೇಕಿದ್ರೆ ನೋಡು. ಈ ಕೆಲಸಕ್ಕೆ ನಿಮ್ಮಮ್ಮ ಬೇಕೇ ಬೇಕು. ಅವಳನ್ನ ಕರ್ಕೊಂಡು ಹೋಗೋದಾದ್ರೆ ಅಂಗಡಿಯವ್ರಿಗೂ ಬೇಡ ಅಂತ ಹೇಳಿ ಕಳಿಸ್ತೀನಿ."

ಮಗಳಿಗೆ ಕ್ರೋಶಾ ಗೊತ್ತಿರಲಿಲ್ಲ. "ಅಯ್ಯೋ, ಹೌದಲ್ಲ, ಸೊಟ್ಟ ಇದೆ" ಎಂದು ಅಮ್ಮನ ಮುಖ ನೋಡಿದಳು. "ಆದ್ರೆ ಅಮ್ಮನ ಕೈ?"

"ಎಡಗೈ ಇದೆಯಲ್ಲ. ಎಡಗೈಲಿ ಹೆಣೆಯೋದು ನಂಗೆ ಗೊತ್ತು, ನಾನು ಕಲಿಸ್ತೀನಿ."

ಅಕ್ಕ ಬಾಯಿ ತೆರೆದಳು. ಎಡಚಿ ಅವಳನ್ನೇ ದುರುಗುಟ್ಟಿಕೊಂಡು ನೋಡಿದಳು. ಅಕ್ಕ ಬಾಯಿ ಮುಚ್ಚಿದಳು. ಆಮೇಲೆ ಮಗಳಿಗೆ, "ಕೆಲಸ ಮುಗಿಯೋವರೆಗೆ ಇರ್ತೀನಿ" ಎಂದಳು. ಯಾವ ಕೆಲಸ, ಯಾವಾಗ ಮುಗಿಯುವುದು ಎಂದು ಯಾರೂ ಕೇಳಲಿಲ್ಲ. ಮಗಳು ಮಧ್ಯಾಹ್ನದ ಬಸ್ಸಿಗೆ ಒಬ್ಬಳೇ ಹೋದಳು.

ಮಾರನೇ ದಿನ ಅಕ್ಕನನ್ನು ಕುರ್ಚಿಯಲ್ಲಿ ಕೂರಿಸಿ, ಅವಳ ಸತ್ತ ಬಲಗೈಯ ಬೆರಳುಗಳ ನಡುವೆ ನೂಲು ಸಿಕ್ಕಿಸಿ, ಎಡಗೈಗೆ ಕಡ್ಡಿ ಕೊಟ್ಟಳು. ಒಂದು ಗಂಟೆಗೆ ನಾಲ್ಕು ಕುಣಿಕೆ ಬಂದವು, ಅದರಲ್ಲಿ ಎರಡು ಬಿಚ್ಚಿಹೋದವು. ಆದರೆ ಕೂತ ಮೇಲೆ ಒಂದು ತೊಡಕು ಕಂಡಿತು. ಎದುರಿನ ಕನ್ನಡಿ ಹೊಂದುತ್ತಿರಲಿಲ್ಲ. ಈಗ ಇಬ್ಬರೂ ಎಡಗೈಯವರು. ಇಬ್ಬರೂ ಬಲತೋಳನ್ನೇ ಹೆಣೆದರೆ ಎಡತೋಳು ಯಾರದು?

ಎಡಚಿ ತನ್ನ ಕಡ್ಡಿಯನ್ನು ಬಲಗೈಗೆ ತೆಗೆದುಕೊಂಡಳು. ಐವತ್ತೆರಡು ವರ್ಷ ಅನ್ನ ಕಲಸದ, ಅಕ್ಷರ ಬರೆಯದ ಕೈ ಅದು. ಕಡ್ಡಿ ಹಿಡಿದರೆ ಸೌದೆ ಹಿಡಿದ ಹಾಗಿತ್ತು.

"ನಮ್ಮತ್ತೆ ಇದ್ದಿದ್ರೆ ಖುಷಿಪಡ್ತಿದ್ರು," ಎಂದಳು ಅಕ್ಕ. "ಕೊನೆಗೂ ಬಲಗೈ ಕಲಿತೆ." ಆಸ್ಪತ್ರೆಯಿಂದ ಬಂದ ಮೇಲೆ ಅವಳು ನಕ್ಕದ್ದು ಅದೇ ಮೊದಲು.

ಹನ್ನೊಂದು ಸ್ವೆಟರುಗಳು ಹೇಗೆ ಮುಗಿದವು ಎಂಬುದನ್ನು ಕೆದಕುವುದು ಬೇಡ. ಅಕ್ಕ ಮಧ್ಯಾಹ್ನ ಮಲಗಿದಾಗ ಅಡುಗೆಮನೆಯಲ್ಲಿ ಕೂತು ಯಾರೋ ತೋಳು ತಿರುಗಿಸಿ ತಿರುಗಿಸಿ ಹೆಣೆದರು, ಅಕ್ಕ ಅದನ್ನು ನೋಡಿಯೂ ನೋಡದಂತೆ ಇದ್ದಳು. ಹನ್ನೆರಡನೆಯದು ಮಾತ್ರ ಇಬ್ಬರದು. ಅದು ಕಿಟಕಿಯ ಕೆಳಗೆ, ದಿನಕ್ಕೆ ಎರಡು ಸುತ್ತಿನಂತೆ, ಕಿಟಕಿ ತೆರೆಯುವ ಜಗಳದ ಜೊತೆಗೇ ಬೆಳೆಯಿತು.

ಒಂದು ದಿನ ಸುತ್ತಿನ ಕೊನೆಗೆ ಬಂದ ಎಡಚಿ ಅಡುಗೆಮನೆಯ ಅಭ್ಯಾಸಬಲದಿಂದ ತೋಳನ್ನು ತಿರುಗಿಸಲು ಹೋದಳು. ಅಕ್ಕ ತನ್ನ ಹೆಣಿಗೆಯಿಂದ ತಲೆಯೆತ್ತಿದಳು.

"ಏಯ್, ಸುತ್ತು ತಿರುಗಿಸಬೇಡ. ತೋಳು ಕೆಟ್ಟುಹೋಗುತ್ತೆ."

"ಇಲ್ಲಕ್ಕ," ಎಂದಳು ಎಡಚಿ. "ತಿರುಗಿಸಲ್ಲ."