ಜಿಪ್ಪಿನ ಬಂಗುಡೆ, ಕೊಡೆಕಡ್ಡಿಯ ಕಿರೀಟ

ಮುಂಬಯಿ ಪಕ್ಕದ ಠಾಣೆಯಲ್ಲಿ, ಕಾರಖಾನೆಗಳ ವಾಗ್ಳೆ ಎಸ್ಟೇಟಿನ ಜಿಪ್ ಫ್ಯಾಕ್ಟರಿಯೊಂದರಲ್ಲಿ ನಾನು ಹತ್ತೊಂಬತ್ತು ವರ್ಷ ಚೆಕಿಂಗ್ ಟೇಬಲ್ಲಿನಲ್ಲಿ ಕೂತವಳು. ಪ್ಯಾಂಟಿಗೆ, ಬ್ಯಾಗಿಗೆ, ಜಾಕೆಟ್ಟಿಗೆ ಹಾಕುವ ಜಿಪ್ಪು. ಅಲ್ಲಿ ಎಲ್ಲರೂ ಅದನ್ನು ಚೈನು ಅನ್ನುತ್ತಿದ್ದರು. ಉದ್ದನೆಯ ಚೈನು ಬೆರಳ ಸಂದಿಯಲ್ಲಿ ಹರಿದು ಹೋಗುವಾಗ ಒಂದೇ ಒಂದು ಹಲ್ಲು ಕಡಿಮೆಯಿದ್ದರೂ ನನಗೆ ತಿಳಿಯುತ್ತಿತ್ತು, ಕಣ್ಣು ಬೇಕಾಗಿರಲಿಲ್ಲ. ತಿಳಿದ ಕೂಡಲೇ ಕತ್ತರಿಸಿ ಪಕ್ಕದ ನೀಲಿ ಡ್ರಮ್ಮಿಗೆ ಎಸೆಯಬೇಕು. ಡ್ರಮ್ಮು ತುಂಬಿದಾಗ ಭಂಗಾರದವನು, ಅಂದರೆ ಗುಜರಿಯವನು, ಬಂದು ಎತ್ತಿಕೊಂಡು ಹೋಗುತ್ತಿದ್ದ.

ಒಂದು ಸೋಮವಾರ ಬೆಳಿಗ್ಗೆ, ಫ್ಯಾಕ್ಟರಿ ಗುಜರಾತಿನ ಕಡೆಗೆ ಹೋಗುತ್ತದೆ, ಅಲ್ಲಿ ಚೆಕಿಂಗಿಗೆ ಮೆಷೀನು ಬರುತ್ತದೆ ಎಂದು ಹೇಳಿದರು. ನಾವು ಹದಿನಾರು ಹೆಂಗಸರಿದ್ದೆವು. ಕೆಲವರು ಅತ್ತರು. ನನಗೆ ಅಳು ಬರಲಿಲ್ಲ, ಸಿಟ್ಟು ಬಂತು. ಕೊನೆಯ ದಿನ ಸೂಪರ್‌ವೈಸರ್ ಎಲ್ಲರಿಗೂ ಒಂದೊಂದು ಸ್ಟೀಲ್ ತಟ್ಟೆ ಕೊಟ್ಟು ಫೋಟೋ ತೆಗೆಸುತ್ತಿದ್ದರು. ನನ್ನ ಸರದಿ ಬಂದಾಗ, ನನಗೆ ತಟ್ಟೆ ಬೇಡ, ಆ ಡ್ರಮ್ಮಿನಲ್ಲಿರುವುದನ್ನು ಕೊಡಿ ಎಂದೆ.

ಅವರು ನಕ್ಕರು. “ಭಂಗಾರ್ ಕಾ ಕ್ಯಾ ಕರೋಗಿ?”

ಏನು ಮಾಡುತ್ತೇನೆಂದು ನನಗೂ ಗೊತ್ತಿರಲಿಲ್ಲ. ಹತ್ತೊಂಬತ್ತು ವರ್ಷ ನಾನೇ ಎಸೆಯುತ್ತ ಬಂದಂಥ ಮಾಲು ಅದು. ಬಿಟ್ಟು ಹೋಗಲು ಮನಸ್ಸಾಗಲಿಲ್ಲ, ಅಷ್ಟೆ. ಹಲ್ಲು ಮುರಿದ ಚೈನು, ಜಿಪ್ ಎಳೆಯುವ ಪುಟ್ಟ ರನ್ನರುಗಳು, ಎಲ್ಲ ಸೇರಿ ಎರಡು ಅಕ್ಕಿ ಚೀಲ ತುಂಬಿತು. ಠಾಣೆಯಿಂದ ಡೊಂಬಿವ್ಲಿಯವರೆಗೆ ಲೋಕಲ್ ರೈಲಿನ ಲೇಡೀಸ್ ಡಬ್ಬಿಯಲ್ಲಿ ಜನರ ಬೈಗುಳ ತಿನ್ನುತ್ತ ಅದನ್ನು ಮನೆಗೆ ತಂದೆ.

ಮೊದಲು ಮಾಡಿದ್ದು ಒಂದು ಬಂಗುಡೆ. ಬೆಳ್ಳಿ ಬಣ್ಣದ ಚೈನನ್ನು ಸುತ್ತಿ ಸುತ್ತಿ ಹೊಲಿಯುತ್ತಾ ಹೋದಂತೆ ಅದಕ್ಕೆ ತಾನಾಗಿಯೇ ಮೀನಿನ ಮೈ ಬಂತು. ಕಣ್ಣಿಗೆ ಗಂಡನ ಹಳೆ ಶರ್ಟಿನ ಗುಂಡಿ ಇಟ್ಟೆ. ಹೊಟ್ಟೆಯ ಹತ್ತಿರ ಒಂದು ರನ್ನರ್ ಬಿಟ್ಟಿದ್ದೆ. ಎಳೆದರೆ ಹೊಟ್ಟೆ ತೆರೆಯುತ್ತದೆ, ಒಳಗೆ ಮನೆಯ ಕೀಲಿ ಇಡಬಹುದು. ಒಬ್ಬಳೇ ಕೂತು ನಗುತ್ತಾ ಅದನ್ನು ನಾಲ್ಕೈದು ಸಲ ತೆರೆದು ಮುಚ್ಚಿದೆ. ಆಮೇಲೆ ಹಿತ್ತಾಳೆ ಚೈನಿನಲ್ಲಿ ಒಂದು ಹಲ್ಲಿ ಮಾಡಿ ಫ್ರಿಜ್ಜಿನ ಮೇಲಿನ ಗೋಡೆಗೆ ಅಂಟಿಸಿದೆ. ಅತ್ತೆ ಪೊರಕೆ ಹಿಡಿದು ಅದನ್ನು ಓಡಿಸಲು ಹೋದರು.

ಅತ್ತೆಗೆ ಎಂಬತ್ತರ ಹತ್ತಿರ. ಉಡುಪಿ ಕಡೆಯಿಂದ ಮದುವೆಯಾಗಿ ಇಲ್ಲಿಗೆ ಬಂದು ಅರವತ್ತು ವರ್ಷವಾದರೂ ಮನೆಯಲ್ಲಿ ತುಳು ಬಿಟ್ಟು ಬೇರೆ ಆಡುವವರಲ್ಲ. “ಜೀವ ಇಲ್ಲದ ಹಲ್ಲಿ ಮಾಡಿ ನನ್ನ ಜೀವ ತೆಗಿತೀಯಾ?” ಎಂದು ತುಳುವಿನಲ್ಲೇ ಬೈದರು. ಮಾರನೆಯ ದಿನ ನೋಡಿದರೆ ಗಾಳಿಗೆ ಮಗುಚಿ ಮುರಿದಿದ್ದ ತಮ್ಮ ಕಪ್ಪು ಕೊಡೆಯನ್ನು ನನ್ನ ಚೀಲದ ಮೇಲೆ ಇಟ್ಟಿದ್ದರು. ಕಲ್ಯಾಣದ ಹೋಟೆಲೊಂದರಲ್ಲಿ ಮ್ಯಾನೇಜರ್ ಆಗಿರುವ ಗಂಡ ಖಾಲಿ ಹಾಲಿನ ಪ್ಯಾಕೆಟ್ಟುಗಳನ್ನು ತೊಳೆಸಿ ಒಣಗಿಸಿ ತರತೊಡಗಿದರು. ಅದನ್ನು ಕತ್ತರಿಸಿ, ಮೇಣದ ಬತ್ತಿಯ ಶಾಖಕ್ಕೆ ಅಂಚು ಸುರುಟಿಸಿದರೆ ಥೇಟ್ ಮಲ್ಲಿಗೆಯ ಎಸಳು. ಕೊಡೆಯ ಕಡ್ಡಿ ಬಗ್ಗಿಸಿ ಅದಕ್ಕೆ ಈ ಹೂವು ಪೋಣಿಸಿದಾಗ ಒಂದು ಕಿರೀಟವಾಯಿತು. ಕೆಟ್ಟ ಕ್ಯಾಲ್ಕುಲೇಟರಿನ ಗುಂಡಿಗಳಿಂದ ಓಲೆ ಮಾಡಿದೆ: ಎಡಗಿವಿಗೆ ಏಳು, ಬಲಗಿವಿಗೆ ಭಾಗಾಕಾರದ ಚಿಹ್ನೆ. ಹಿತ್ತಾಳೆ ಚೈನು ಮೂರೆಳೆ ಸೇರಿಸಿ, ರನ್ನರುಗಳನ್ನು ಸಾಲಾಗಿ ನೇತುಹಾಕಿ ಕೊರಳಿಗೆ ಸರ ಮಾಡಿದೆ. ದೂರದಿಂದ ನೋಡಿದರೆ ಅಜ್ಜಿಯಂದಿರ ಕಾಲದ ಒಡವೆಯ ಹಾಗೆ ಕಾಣುತ್ತಿತ್ತು. ಹತ್ತಿರ ಬಂದವರು ನಗುತ್ತಿದ್ದರು. ನನಗೆ ಎರಡೂ ಬೇಕಿತ್ತು.

ಎಲ್ಲರೂ ನಕ್ಕರೂ ನಗದವರು ಒಬ್ಬರಿದ್ದರು. ಗಂಡನ ಅಕ್ಕ, ನನಗೆ ಅತ್ತಿಗೆ. ಘೋಡಬಂದರ್ ರಸ್ತೆಯ ದೊಡ್ಡ ಕಾಂಪ್ಲೆಕ್ಸಿನಲ್ಲಿ ಅವರ ಮನೆ. ಕನ್ನಡದ ಹೆಂಗಸರ ಒಂದು ಬಳಗದ ಕಮಿಟಿಯಲ್ಲಿ ಅವರೇ ಮುಂದೆ. ನಮ್ಮ ಮನೆಗೆ ಬಂದಾಗ ಬಾಗಿಲಿಗೆ ನೇತುಹಾಕಿದ್ದ ಬಂಗುಡೆ ನೋಡಿ ಮೂಗು ಮುರಿದಿದ್ದರು. “ಇದೆಂತದು ಮಾರಾಯ್ತಿ, ಕೆಲಸ ಹೋಗಿದ್ದಕ್ಕೆ ತಲೆಯೂ ಹೋಯಿತಾ?”

ಆ ವರ್ಷ ಬಳಗದವರು ಕೋಪರಖೈರಣೆಯ ಸಭಾ ಹಾಲ್ ಒಂದರಲ್ಲಿ ಹೆಂಗಸರ ಕೈಕೆಲಸದ ಪ್ರದರ್ಶನ ಇಟ್ಟರು. ವಾಟ್ಸಾಪ್ ಗ್ರೂಪಿನಲ್ಲಿ ಮೆಸೇಜ್ ಹಾಕಿದ್ದು ಅತ್ತಿಗೆಯೇ. ನಾನು ಹೆಸರು ಕೊಟ್ಟೆ. ಕ್ರೋಶಾ ಹೆಣಿಗೆ ತರುತ್ತಾಳೆಂದುಕೊಂಡರೋ ಏನೋ, “ತಗೊಂಡು ಬಾ” ಎಂದರು.

ಭಾನುವಾರ ಬೆಳಿಗ್ಗೆ ಮಗಳನ್ನು ಕರೆದುಕೊಂಡು ಹೊರಟೆ. ಆಗ ಕಾಲೇಜಿನ ಎರಡನೇ ವರ್ಷದಲ್ಲಿದ್ದಳು. ನಾನು ಕನ್ನಡದಲ್ಲಿ ಕೇಳಿದರೆ ಅವಳು ಹಿಂದಿಯಲ್ಲಿ ಉತ್ತರ ಕೊಡುವವಳು. ಎರಡು ದೊಡ್ಡ ಕಾರ್ಟನ್ನು ಹೊತ್ತು, ಠಾಣೆಯಲ್ಲಿ ಲೋಕಲ್ ಗಾಡಿ ಬದಲಿಸಿ, ಹಾಲ್ ಮುಟ್ಟುವಷ್ಟರಲ್ಲಿ ಇಬ್ಬರೂ ಬೆವರಿ ಒದ್ದೆಯಾಗಿದ್ದೆವು. ಒಳಗೆ ಟೇಬಲ್ಲುಗಳ ಮೇಲೆ ಬಿಳಿ ಬಟ್ಟೆ ಹಾಸಿದ್ದರು. ಒಂದರ ಮೇಲೆ ಉಪ್ಪಿನಕಾಯಿ, ಇನ್ನೊಂದರ ಮೇಲೆ ಆರತಿ ತಟ್ಟೆ, ಮತ್ತೊಂದರ ಮೇಲೆ ರೇಷ್ಮೆ ದಾರ ಸುತ್ತಿದ ಪ್ಲಾಸ್ಟಿಕ್ ಬಳೆಗಳು.

ಅತ್ತಿಗೆ ರೇಷ್ಮೆ ಸೀರೆಯಲ್ಲಿ ಎದೆಗೆ ಬ್ಯಾಡ್ಜ್ ಹಾಕಿಕೊಂಡು ಓಡಾಡುತ್ತಿದ್ದರು. ಕಾರ್ಟನ್ನಿನೊಳಗೆ ಇಣುಕಿ ನೋಡಿ ದನಿ ತಗ್ಗಿಸಿದರು.

“ಇದನ್ನು ಇಲ್ಲಿ ಇಡುವುದು ಬೇಡ. ಅಲ್ಲಿ ಸ್ಟೇಜಿನ ಪಕ್ಕ ಮಕ್ಕಳ ಟೇಬಲ್ ಉಂಟಲ್ಲ, ಬೆಸ್ಟ್ ಔಟ್ ಆಫ್ ವೇಸ್ಟ್, ಅಲ್ಲಿ ಇಡು.”

ಐಸ್‌ಕ್ರೀಮ್ ಕಡ್ಡಿಯ ಮನೆಗಳು, ಬಾಟಲಿಗೆ ಬಣ್ಣ ಬಳಿದ ಹೂದಾನಿಗಳು ಅಲ್ಲಿದ್ದವು. ಒಂದೊಂದರ ಪಕ್ಕದಲ್ಲೂ ಶಾಲೆಯ ಕ್ಲಾಸು ಬರೆದ ಚೀಟಿ.

“ನನಗೆ ನಲವತ್ತೊಂಬತ್ತು ವರ್ಷ, ಅತ್ತಿಗೆ” ಎಂದೆ. “ಚೀಟಿಯಲ್ಲಿ ಯಾವ ಕ್ಲಾಸು ಅಂತ ಬರೆಯಲಿ?”

“ಹಟ ಮಾಡಬೇಡ. ಕಸದಿಂದ ಮಾಡಿದ್ದು ಕಸದ ವಿಭಾಗಕ್ಕೇ ಅಲ್ವಾ ಹೋಗುವುದು?”

“ಆ ಬಳೆಯ ಒಳಗಿರುವುದೂ ಪ್ಲಾಸ್ಟಿಕ್ಕೇ.”

“ಅದು ಬೇರೆ. ಚೀಫ್ ಗೆಸ್ಟ್ ಬರುತ್ತಾರೆ, ನಾಲ್ಕು ಜನ ನೋಡುತ್ತಾರೆ. ದೊಡ್ಡವರ ಟೇಬಲ್ ಎಲ್ಲ ಭರ್ತಿ. ಜಾಗ ಇಲ್ಲ.”

ಮೂಲೆಯಲ್ಲಿ ಎರಡು ಖಾಲಿ ಟೇಬಲ್ ಮಡಚಿಟ್ಟಿದ್ದು ನನಗೂ ಕಾಣುತ್ತಿತ್ತು, ಅವರಿಗೂ ಕಾಣುತ್ತಿತ್ತು.

ಮಗಳು ನನ್ನ ಸೆರಗು ಎಳೆದಳು. “ಮಮ್ಮಿ, ಚಲೋ ಘರ್ ಚಲ್ತೇ ಹೈ.” ಮನೆಗೆ ಹೋಗೋಣ ಅನ್ನುವುದು ನನಗೂ ಒಂದು ಗಳಿಗೆ ಸರಿ ಎನಿಸಿತು. ಫ್ಯಾಕ್ಟರಿಯಲ್ಲಿ ಆ ಸೋಮವಾರ ಸುಮ್ಮನೆ ತಲೆಯಾಡಿಸಿ ಹೊರಗೆ ಬಂದಿದ್ದೆ. ಒಂದು ಮಾತು ಎದುರಾಡಿರಲಿಲ್ಲ. ಅದು ನನಗೆ ಎಷ್ಟು ದಿನ ಚುಚ್ಚಿತ್ತೆಂದು ನನಗೊಬ್ಬಳಿಗೇ ಗೊತ್ತು. ಇನ್ನೊಮ್ಮೆ ಹಾಗೆ ಹೊರಗೆ ನಡೆಯಲು ನನ್ನಿಂದ ಆಗುತ್ತಿರಲಿಲ್ಲ.

“ಪೆಟ್ಟಿಗೆ ಎತ್ತಿಕೋ” ಎಂದು ಮಗಳಿಗೆ ಹೇಳಿ ಸೀದಾ ಬಾತ್‌ರೂಮಿಗೆ ಹೋದೆ.

ಕನ್ನಡಿಯ ಮುಂದೆ ನಿಂತು ಒಂದೊಂದಾಗಿ ಎಲ್ಲ ಮೈಮೇಲೆ ಹಾಕಿಕೊಂಡೆ. ಮೂರೆಳೆಯ ಸರ, ಅದರ ಮೇಲೆ ಇನ್ನೆರಡು. ಕ್ಯಾಲ್ಕುಲೇಟರಿನ ಓಲೆ. ತೋಳಿಗೆ ಸುತ್ತುವ ಚೈನಿನ ಹಾವು. ಸೀರೆಯ ಮೇಲೆ ಚೈನಿನ ಪಟ್ಟಿ, ಪಟ್ಟಿಯಿಂದ ಸೊಂಟಕ್ಕೆ ಇಳಿಬಿಟ್ಟ ಬಂಗುಡೆ. ಮಗಳು ಮೊದಲು ಬಾಗಿಲಿಗೆ ಬೆನ್ನು ಕೊಟ್ಟು, ಯಾರೂ ಒಳಗೆ ಬರದ ಹಾಗೆ ನಿಂತಿದ್ದಳು.

“ಸಬ್ ದೇಖೇಂಗೆ, ಮಮ್ಮಿ.”

“ನೋಡಲಿ ಅಂತಲೇ ಮಾಡಿದ್ದು.”

ಕಿರೀಟ ಇಡಲು ಹೋದರೆ ಅದು ಜಾರುತ್ತಿತ್ತು. ಮೂರನೇ ಸಲ ಜಾರಿದಾಗ ಅವಳು ಬಾಗಿಲು ಬಿಟ್ಟು ಬಂದಳು. ತನ್ನ ಕೂದಲಿನ ಪಿನ್ನುಗಳನ್ನೆಲ್ಲ ತೆಗೆದು ನನ್ನ ತಲೆಗೆ ಸಿಕ್ಕಿಸಿದಳು. ಕಿರೀಟ ಗಟ್ಟಿಯಾಗಿ ಕೂತಿತು.

ಹಾಲ್‌ನ ಬಾಗಿಲ ಬಳಿ, ಒಳಗೆ ಬರುವವರೆಲ್ಲ ಹಾದು ಹೋಗಲೇಬೇಕಾದ ಜಾಗದಲ್ಲಿ ಹೋಗಿ ನಿಂತೆ. ಯಾರೋ ಕಿಸಕ್ಕೆಂದರು. ಉಪ್ಪಿನಕಾಯಿ ಟೇಬಲ್ಲಿನ ಹೆಂಗಸು ಗಟ್ಟಿಯಾಗಿ ಕೇಳಿದರು, “ಯಕ್ಷಗಾನದ ಮೇಳ ಎಲ್ಲಿಂದ ಬಂತು?”

“ವಾಗ್ಳೆ ಎಸ್ಟೇಟಿನಿಂದ” ಎಂದೆ.

ಅತ್ತಿಗೆ ಓಡಿ ಬಂದರು. ಮುಖ ಕೆಂಪಾಗಿತ್ತು. “ತೆಗಿ. ಎಲ್ಲ ತೆಗಿ. ನನ್ನ ಮಾನ ತೆಗಿಬೇಡ.”

“ಟೇಬಲ್ ಕೊಡಿ, ತೆಗೀತೇನೆ.”

“ಜಾಗ ಇಲ್ಲ ಅಂದೆನಲ್ಲ!”

“ಹಾಗಾದರೆ ನಾನೇ ಟೇಬಲ್.”

ಅವರು ನನ್ನನ್ನು ದಿಟ್ಟಿಸಿದರು. ಅಷ್ಟರಲ್ಲಿ ಚೀಫ್ ಗೆಸ್ಟರ ಕಾರು ಬಂತೆಂದು ಯಾರೋ ಕೂಗಿದರು. ಅತ್ತಿಗೆ ಹೋಗಲೇಬೇಕಾಯಿತು. ಆ ಗೆಸ್ಟ್ ನನ್ನನ್ನು ನೋಡಿ, ಸ್ವಾಗತಕ್ಕೆ ನಿಲ್ಲಿಸಿದ್ದಾರೆಂದು ತಿಳಿದು ಕೈಮುಗಿದು ಒಳಗೆ ಹೋದರು. ಅಷ್ಟೇ.

ಎಲ್ಲರೂ ಮೆಚ್ಚಿದರೆಂದು ಬರೆದರೆ ಸುಳ್ಳಾಗುತ್ತದೆ. ಹೆಚ್ಚಿನವರು ಕಣ್ಣು ತಪ್ಪಿಸಿ ಹೋದರು. ಇಬ್ಬರು ಸೆಲ್ಫಿ ತೆಗೆದುಕೊಂಡು ಹಿಂದಿನಿಂದ ನಕ್ಕರು. ಮಕ್ಕಳು ಮಾತ್ರ ಬಂಗುಡೆಯ ಹೊಟ್ಟೆ ತೆರೆದು ಮುಚ್ಚಲು ಸಾಲು ನಿಂತರು. ಮಧ್ಯಾಹ್ನದ ಹೊತ್ತಿಗೆ ಹಾಲ್ ಗುಡಿಸುವ ಹೆಂಗಸು ಪೊರಕೆಯನ್ನು ಗೋಡೆಗೆ ಒರಗಿಸಿ ನನ್ನ ಹತ್ತಿರ ಬಂದರು. ಕೊರಳ ಸರದ ಮೇಲೆ ಹೆಬ್ಬೆರಳು ಆಡಿಸಿ ಕೇಳಿದರು, “ನಂಬರ್ ಪಾಂಚ್ ಬ್ರಾಸ್ ಹೈ ನಾ?”

ಅದು ಐದನೇ ನಂಬರಿನ ಹಿತ್ತಾಳೆ ಚೈನೇ. ಹಿಂದೆ ಬ್ಯಾಗಿನ ಕಾರಖಾನೆಯಲ್ಲಿ ಎಷ್ಟೋ ವರ್ಷ ಇದನ್ನೇ ಹೊಲಿದದ್ದಾಗಿ ಅವರು ಹೇಳಿದರು. ಬಂಗುಡೆಯನ್ನು ತಿರುಗಿಸಿ ಒಳಗಿನ ಹೊಲಿಗೆ ನೋಡಿದರು. ಬಾಲದ ಹತ್ತಿರ ಹೊಲಿಗೆ ಸಡಿಲವಾಗಿದೆ, ಎರಡು ಸಲ ಹೊಡೆಯಬೇಕಿತ್ತು ಎಂದರು. ಸರಿಯಾಗಿಯೇ ಹೇಳಿದ್ದರು. ಆ ದಿನ ನನ್ನ ಕೆಲಸವನ್ನು ಕೆಲಸವೆಂದು ನೋಡಿದವರು ಅವರೊಬ್ಬರೇ. ಅಷ್ಟು ಸಾಕಾಯಿತು.

ನಾಲ್ಕು ಗಂಟೆಯವರೆಗೂ ನಿಂತೇ ಇದ್ದೆ. ಕೊಡೆಕಡ್ಡಿ ಒತ್ತಿ ನೆತ್ತಿ ಉರಿಯುತ್ತಿತ್ತು. ಮಗಳು ವಡಾಪಾವ್ ತಂದು, ನಾನು ಕಿರೀಟ ಅಲುಗಿಸದ ಹಾಗೆ ತಾನೇ ತುತ್ತು ಮಾಡಿ ತಿನ್ನಿಸಿದಳು. ಗಾಡಿಯಲ್ಲಿ ವಾಪಸು ಬರುವಾಗ ಓಲೆಗಳನ್ನು ಕೇಳಿ ಇಸಿದುಕೊಂಡು ತನ್ನ ಕಿವಿಗೆ ಹಾಕಿಕೊಂಡಳು.

ನಾವು ಮನೆ ಸೇರುವ ಮೊದಲೇ ಅತ್ತಿಗೆಯ ಫೋನು ಬಂದಾಗಿತ್ತು. ಅತ್ತೆ ಗಂಭೀರವಾಗಿ ಕೂತಿದ್ದರು.

“ನನ್ನ ಮಗಳು ಫೋನಿನಲ್ಲಿ ಅಳ್ತಾ ಇದ್ದಳು. ನೀನು ಮಾಡಿದ್ದು ಸರಿಯಲ್ಲ.”

“ಅವರು ಮಾಡಿದ್ದು?”

“ಅದೂ ಸರಿಯಲ್ಲ.” ಫೋನು ಪಕ್ಕಕ್ಕಿಟ್ಟು, “ನನ್ನ ಕೊಡೆ ಎಲ್ಲಿ, ಹಾಕಿ ತೋರಿಸು” ಎಂದರು. ಕಿರೀಟ ಇಟ್ಟುಕೊಂಡೆ. ತಲೆ ಓರೆ ಮಾಡಿ ನೋಡಿ, “ಎಡಕ್ಕೆ ವಾಲಿದೆ” ಎಂದರು.

ಗಂಡ ಮಾತ್ರ ಊಟಕ್ಕೆ ಕೂತಾಗ ಮೆಲ್ಲಗೆ ಕೇಳಿದರು, “ಮಕ್ಕಳ ಟೇಬಲ್ಲಿನಲ್ಲೇ ಇಟ್ಟುಬಿಟ್ಟಿದ್ದರೆ ಏನು ಹೋಗ್ತಿತ್ತು?”

“ನಾನು ಹೋಗ್ತಿದ್ದೆ” ಎಂದೆ.

ಅತ್ತಿಗೆ ಏಳೆಂಟು ತಿಂಗಳು ನನ್ನೊಡನೆ ಮಾತಾಡಲಿಲ್ಲ. ಅತ್ತೆಯ ಕಣ್ಣಿನ ಆಪರೇಷನ್ನಿನಲ್ಲಿ ಇಬ್ಬರೂ ಒಂದೇ ಬೆಂಚಿನ ಮೇಲೆ ಕೂರಬೇಕಾಗಿ ಬಂದು, ಚಹಾ ಬೇಕಾ ಎಂಬಲ್ಲಿಂದ ಮಾತು ಶುರುವಾಯಿತು. ಆ ಭಾನುವಾರದ ಸುದ್ದಿಯನ್ನು ಅವರೂ ತೆಗೆಯುವುದಿಲ್ಲ, ನಾನೂ ತೆಗೆಯುವುದಿಲ್ಲ. ಕ್ಷಮೆ ಕೇಳಲು ಇಬ್ಬರಿಗೂ ಮನಸ್ಸಿಲ್ಲ.

ಮುಂದಿನ ಪ್ರದರ್ಶನಕ್ಕೆ ಬಳಗದವರು ಫಾರ್ಮ್ ಮಾಡಿದ್ದರು. ಅದರಲ್ಲಿ ‘ವಿಭಾಗ’ ಎಂಬ ಕಡೆ ನಾನು ಆಭರಣ ಎಂದು ಬರೆದು ಕಳಿಸಿದೆ. ಎರಡು ದಿನ ಬಿಟ್ಟು ಕಮಿಟಿಯ ಇನ್ನೊಬ್ಬ ಹೆಂಗಸು ಫೋನು ಮಾಡಿದರು.

“ಆಭರಣ ಅಂತ ಬರೆದಿದ್ದೀರಲ್ಲ, ಯಾವುದರದ್ದು?”

“ಹಿತ್ತಾಳೆ, ನೈಲಾನು, ಹಾಲಿನ ಪ್ಯಾಕೆಟ್ಟು.”

“ಅದು ಆಭರಣದಲ್ಲಿ ಬರುವುದಿಲ್ಲವಲ್ಲ, ಅಕ್ಕ.”

“ನೀವು ಬರೆದುಕೊಳ್ಳಿ” ಎಂದೆ. “ನಾನು ಟೇಬಲ್ಲಿಗಾದರೂ ಬರುತ್ತೇನೆ, ಬಾಗಿಲಿಗಾದರೂ ಬರುತ್ತೇನೆ. ನಿಮ್ಮ ಇಷ್ಟ.”

ಆರತಿ ತಟ್ಟೆಗಳ ಪಕ್ಕ ಅರ್ಧ ಟೇಬಲ್ ಕೊಟ್ಟರು.